ಕಡಲು ದಾಟಿದ ಪ್ರಬಂಧ, ಕಲ್ಕತ್ತೆಯಲ್ಲೇ ಉಳಿದ ಡೇ

1959ರ ಮೇ 30ರ ‘ನೇಚರ್’ ಸಂಚಿಕೆಯಲ್ಲಿ ಎರಡು ಪುಟಗಳೊಳಗೆ ಮುಗಿದುಹೋಗುವ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ಶಂಭುನಾಥ ಡೇ. ಕಾಲರಾ ರೋಗಾಣು ಬೆಳೆಸಿದ ದ್ರವದಿಂದ ರೋಗಾಣುಗಳನ್ನೆಲ್ಲ ಸೋಸಿ ತೆಗೆದುಹಾಕಿದರೂ, ಉಳಿದ ತಿಳಿಯೊಂದೇ ಮೊಲದ ಕರುಳಿನಲ್ಲಿ ಕಾಲರಾದ ಪರಿಣಾಮವನ್ನು ತೋರಿಸುತ್ತದೆ ಎಂಬುದು ಅದರ ಸಾರ. ಆಳನ್ನು ಕೆಲವೇ ಗಂಟೆಗಳಲ್ಲಿ ಒಣಗಿಸಿ ಕೊಲ್ಲುವುದು ರೋಗಾಣು ಹೊರಗೆ ಬಿಡುವ ಒಂದು ವಿಷ ಎಂಬುದಕ್ಕೆ ಅಲ್ಲಿ ನೇರ ಪುರಾವೆ ಸಿಕ್ಕಿತು. ಪತ್ರಿಕೆ ಜಗತ್ತಿನಲ್ಲೇ ಹೆಸರಾದದ್ದು, ರೋಗ ಎಲ್ಲರಿಗೂ ಗೊತ್ತಿದ್ದದ್ದು, ಉತ್ತರದಲ್ಲಿ ಗೊಂದಲವಿರಲಿಲ್ಲ. ಹೀಗಿದ್ದೂ 1985ರ ಏಪ್ರಿಲ್‌ನಲ್ಲಿ ಡೇ ತೀರಿಕೊಂಡಾಗ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಎಂದು ಆರಿಸಿರಲಿಲ್ಲ. ದೇಶದ ದೊಡ್ಡ ಪ್ರಶಸ್ತಿ ಒಂದೂ ಅವರ ಕೈಸೇರಿರಲಿಲ್ಲ. ಇದನ್ನು ಕೃತಘ್ನತೆಯ ಕಥೆಯಾಗಿ ಹೇಳುವುದು ರೂಢಿ. ಹಾಗೆ ಹೇಳಿ ಬೇಸರಪಟ್ಟು ಸುಮ್ಮನಾದರೆ ಅದರೊಳಗಿನ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ವಿಜ್ಞಾನದಲ್ಲಿ ಪ್ರಬಂಧವೆಂಬುದು ಒಮ್ಮುಖದ ದಾರಿ. ಫಲಿತಾಂಶ ಆ ದಾರಿಯಲ್ಲಿ ಹೊರಟುಹೋಗುತ್ತದೆ. ಅದಕ್ಕೆ ಬದಲಾಗಿ ತಿರುಗಿ ಬರಬೇಕಾದ ಪ್ರಶ್ನೆ, ಸಲಕರಣೆ, ಹಣ, ಶಿಷ್ಯರು ಬರುವುದು ಸಮ್ಮೇಳನ ಮತ್ತು ಮನ್ನಣೆಯ ದಾರಿಯಲ್ಲಿ. ಡೇ ಅವರ ಪಾಲಿಗೆ ಮೊದಲನೆಯದು ತೆರೆದಿತ್ತು, ಎರಡನೆಯದು ಬಹುಕಾಲ ಮುಚ್ಚಿಯೇ ಇತ್ತು.

ಮೊದಲು ಅವರು ಮಾಡಿದ್ದೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ರಾಬರ್ಟ್ ಕಾಖ್ 1884ರಲ್ಲಿ ಇದೇ ಕಲ್ಕತ್ತೆಯಲ್ಲಿ ಕಾಲರಾದ ರೋಗಾಣುವನ್ನು ಬೇರ್ಪಡಿಸಿ, ಅದು ಏನೋ ಒಂದು ವಿಷವನ್ನು ಉತ್ಪತ್ತಿ ಮಾಡುತ್ತಿರಬೇಕು ಎಂದು ಊಹಿಸಿದ್ದ. ಆಮೇಲಿನ 75 ವರ್ಷ ಅನೇಕರು ಆ ವಿಷಕ್ಕಾಗಿ ಹುಡುಕಾಡಿದರು, ಆದರೆ ಹುಡುಕಿದ್ದು ತಪ್ಪು ಜಾಗದಲ್ಲಿ. ರೋಗಾಣುಗಳನ್ನು ಪ್ರಾಣಿಗಳ ಚರ್ಮದಡಿಗೆ ಚುಚ್ಚಿದರು, ರಕ್ತಕ್ಕೆ ಬಿಟ್ಟರು, ಹೊಟ್ಟೆಯ ಪೊಳ್ಳಿಗೆ ಹಾಕಿದರು. ಪ್ರಾಣಿ ಸತ್ತರೂ ಅದಕ್ಕೆ ಕಾಲರಾ ಬರಲಿಲ್ಲ. ರೋಗಾಣು ಸತ್ತು ಒಡೆದಾಗ ಒಳಗಿನಿಂದ ಹೊರಬೀಳುವ ವಿಷವೇ ಕಾರಣ ಎಂದು ರಿಚರ್ಡ್ ಫೈಫರ್ ಮಂಡಿಸಿದ ವಿಚಾರ ಎಲ್ಲರ ತಲೆಯಲ್ಲೂ ಕೂತುಬಿಟ್ಟಿತ್ತು. ಡೇ ಸರಳವಾದ ಹಾದಿ ಹಿಡಿದರು. ಅರಿವಳಿಕೆ ಕೊಟ್ಟ ಮೊಲದ ಹೊಟ್ಟೆ ತೆರೆದು, ಸಣ್ಣ ಕರುಳಿನ ಒಂದು ತುಂಡನ್ನು ಕತ್ತರಿಸದೆ ಎರಡೂ ತುದಿಯಲ್ಲಿ ದಾರದಿಂದ ಬಿಗಿದು ಕಟ್ಟಿದರು. ರಕ್ತನಾಳ ಹಾಗೇ ಉಳಿದಿದ್ದರಿಂದ ಆ ತುಂಡು ಜೀವಂತವಾಗಿಯೇ ಇರುತ್ತಿತ್ತು. ಅದರೊಳಗೆ ಕಾಲರಾ ರೋಗಾಣುವಿನ ದ್ರವ ಚುಚ್ಚಿ ಹೊಟ್ಟೆ ಹೊಲಿದರು. ಮರುದಿನ ತೆರೆದು ನೋಡಿದರೆ ಕಟ್ಟಿದ ತುಂಡು ಉಬ್ಬಿಕೊಂಡಿತ್ತು. ಅದರೊಳಗೆ ಕಾಲರಾ ರೋಗಿಯ ಭೇದಿಯ ಹಾಗೆ ಅಕ್ಕಿ ತೊಳೆದ ನೀರಿನಂಥ ದ್ರವ. ಅದೇ ಮೊಲದ ಪಕ್ಕದ ತುಂಡಿಗೆ ರೋಗಾಣು ಇಲ್ಲದ ದ್ರವ ಹಾಕಿದ್ದರೆ ಅದು ಚಪ್ಪಟೆಯಾಗಿಯೇ ಇರುತ್ತಿತ್ತು. ಡಿ. ಎನ್. ಚಟರ್ಜಿಯವರ ಜೊತೆ ಇದನ್ನು 1953ರಲ್ಲಿ ಪ್ರಕಟಿಸಿದರು. 1956ರಲ್ಲಿ ಇದೇ ಪರೀಕ್ಷೆಯನ್ನು ಕೆಲವು ಈ. ಕೋಲೈ ತಳಿಗಳ ಮೇಲೆ ಮಾಡಿ, ಅವೂ ಹೀಗೆಯೇ ಕರುಳನ್ನು ಉಬ್ಬಿಸುತ್ತವೆ ಎಂದು ತೋರಿಸಿದರು. 1959ರ ಪ್ರಬಂಧ ಈ ಸಾಲಿನ ಮೂರನೆಯ ಮೆಟ್ಟಿಲು. ದಾರ, ಸೂಜಿ, ಮೊಲ, ಸೋಸುವ ಸಲಕರಣೆ ಇದ್ದ ಯಾವ ಆಸ್ಪತ್ರೆಯ ಪ್ರಯೋಗಾಲಯವಾದರೂ ಇದನ್ನು ಮಾಡಬಹುದಿತ್ತು.

ಸ್ವಾರಸ್ಯದ ಸಂಗತಿ ಏನೆಂದರೆ, ಕರುಳಿನ ತುಂಡು ಕಟ್ಟಿ ನೋಡುವ ಪ್ರಯೋಗ ಅದಕ್ಕೂ ಮೊದಲೇ ಒಮ್ಮೆ ನಡೆದಿತ್ತು. ವಿಯೋಲ್ ಮತ್ತು ಕ್ರೆಂಡಿರೋಪುಲೊ ಎಂಬ ಇಬ್ಬರು 1915ರಲ್ಲಿ, ಅಂದರೆ ಡೇ ಹೂಗ್ಲಿ ಜಿಲ್ಲೆಯ ಗರಿಬಾಟಿಯಲ್ಲಿ ಹುಟ್ಟಿದ ವರ್ಷವೇ, ಇಂಥದೇ ಫಲಿತಾಂಶವನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ್ದರು. ಅದು ಯಾರ ಕಣ್ಣಿಗೂ ಬೀಳದೆ ಕಪಾಟಿನಲ್ಲಿ ಉಳಿಯಿತು. ಡೇ ಅದನ್ನು ತಾವೇ ಹೊಸದಾಗಿ ಕಂಡುಕೊಂಡರು. ಅಚ್ಚಾದ ಮಾತ್ರಕ್ಕೆ ಒಂದು ವಿಷಯ ಹಂಚಿಕೆಯಾಯಿತು ಎಂದು ನಂಬುವವರು ಈ 38 ವರ್ಷದ ಮೌನಕ್ಕೆ ಸಮಾಧಾನ ಹೇಳಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಡೇ ಅವರ ಪ್ರಬಂಧ 1915ರದ್ದರ ಹಾಗೆ ಮಣ್ಣುಪಾಲಾಗಲಿಲ್ಲವಲ್ಲ. 1969ರಲ್ಲಿ ರಿಚರ್ಡ್ ಫಿಂಕಲ್‌ಸ್ಟೈನ್ ಮತ್ತು ಜೋಸೆಫ್ ಲೊಸ್ಪಲ್ಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ತೆಗೆದರು. ಹತ್ತು ವರ್ಷ ವಿಜ್ಞಾನಕ್ಕೆ ದೊಡ್ಡ ಅವಧಿಯಲ್ಲ. ನಿಜ. ಆದರೆ ಆ ಹತ್ತು ವರ್ಷದಲ್ಲಿ ಚಲನೆ ಉಂಟಾದದ್ದು ಹೇಗೆ ಎಂದು ನೋಡಿ. 1960ರಲ್ಲಿ ಢಾಕಾದಲ್ಲಿ ಅಮೆರಿಕದ ಬೆಂಬಲದಿಂದ ಕಾಲರಾ ಸಂಶೋಧನಾ ಪ್ರಯೋಗಾಲಯ ತೆರೆಯಿತು. 1961ರಲ್ಲಿ ಇಂಡೋನೇಷ್ಯಾದ ಸುಲಾವೆಸಿಯಿಂದ ಏಳನೆಯ ಜಾಗತಿಕ ಪಿಡುಗು ಹೊರಟಿತು. 1965ರಲ್ಲಿ ಅಮೆರಿಕ ಮತ್ತು ಜಪಾನ್ ಸೇರಿ ವೈದ್ಯಕೀಯ ಸಹಕಾರದ ಯೋಜನೆಯೊಂದನ್ನು ಶುರುಮಾಡಿ, ಕಾಲರಾ ಕುರಿತು ವರ್ಷವರ್ಷವೂ ಸಮ್ಮೇಳನ ಸೇರಿಸತೊಡಗಿದವು. ಅದೇ ವರ್ಷ ಜಾನ್ ಕ್ರೇಗ್, ರೋಗಾಣು ಸೋಸಿದ ದ್ರವ ಮೊಲದ ಚರ್ಮದಲ್ಲೂ ಕೆಲಸ ಮಾಡುತ್ತದೆಂದು ತೋರಿಸಿದರು. ಅದರ ಮುಂದುವರಿಕೆಯಾಗಿ 1970ರ ದಶಕದಲ್ಲಿ ಆಕ್ಸ್‌ಫರ್ಡಿನ ವಾನ್ ಹೇನಿಂಗೆನ್ ಆ ವಿಷ ಕರುಳಿನ ಜೀವಕೋಶದ ಮೇಲೆ ಎಲ್ಲಿ ಕೂರುತ್ತದೆ ಎಂಬುದರತ್ತ ಗಮನ ಹರಿಸಿದರು. ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು, ಒಬ್ಬರ ಮಾದರಿ ದ್ರವವನ್ನು ಇನ್ನೊಬ್ಬರು ಬಳಸಿಕೊಳ್ಳುವಷ್ಟು ಹತ್ತಿರದ ಬಳಗ ಅದಾಗಿತ್ತು. ಡೇ ಹಚ್ಚಿದ ದೀಪದ ಬೆಳಕಿನಲ್ಲೇ ಅವರೆಲ್ಲ ಓದುತ್ತಿದ್ದರು. ಡೇ ಮಾತ್ರ ಆ ಬಳಗದ ಒಳಗಿರಲಿಲ್ಲ. 1960ರ ದಶಕದಲ್ಲಿ ಅವರೂ ವಿಷವನ್ನು ಶುದ್ಧಗೊಳಿಸಲು ಪ್ರಯತ್ನಿಸಿದರು. ಅದಕ್ಕೆ ತಕ್ಕ ಜೀವರಸಾಯನ ಸಲಕರಣೆ ಕೈಗೆಟುಕಲಿಲ್ಲ. ಆದ್ದರಿಂದ ನನ್ನ ತಕರಾರು ಆವಿಷ್ಕಾರದ ಭಾಗ್ಯದ ಬಗ್ಗೆ ಅಲ್ಲವೇ ಅಲ್ಲ. ಮೂರು ಪ್ರಬಂಧಗಳಲ್ಲಿ ಮೂರು ಸರಿಯಾದ ಪ್ರಶ್ನೆ ಕೇಳಿದ್ದ ಒಬ್ಬ ವ್ಯಕ್ತಿಯ ಮುಂದಿನ ಹತ್ತು ಪ್ರಶ್ನೆಗಳು ಹುಟ್ಟದೆ ಹೋದವಲ್ಲ, ಆ ನಷ್ಟದ ಬಗ್ಗೆ.

ಅವರು ಸ್ವಭಾವತಃ ಸಂಕೋಚದವರು, ಸಭೆ ಸಮಾರಂಭ ಇಷ್ಟಪಡುತ್ತಿರಲಿಲ್ಲ, ತಪ್ಪು ಅವರದೇ ಎನ್ನುವವರೂ ಇದ್ದಾರೆ. ಲಂಡನ್ನಿನಲ್ಲಿ ರಾಯ್ ಕ್ಯಾಮರನ್ ಕೈಕೆಳಗೆ 1949ರಲ್ಲಿ ಪಿಎಚ್.ಡಿ. ಮುಗಿಸಿದವರಿಗೆ ವಿದೇಶದ ಸಂಪರ್ಕವೇ ಇರಲಿಲ್ಲವೆಂದು ಹೇಳಲಾಗದು, ಒಪ್ಪುತ್ತೇನೆ. ಆದರೆ ಸಂಕೋಚ ಸ್ವಭಾವದವರನ್ನು ಕರೆದು ಕೂರಿಸುವುದೇ ಸಮ್ಮೇಳನಗಳ ಕೆಲಸ ಅಲ್ಲವೇ? ತಾವಾಗಿ ಬರುವವರಿಗೆ ಆಹ್ವಾನದ ಅಗತ್ಯವೇ ಇರುವುದಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ಗೋಷ್ಠಿಗೆ ಕರೆ ಬಂದಾಗ ಡೇ ಸ್ವೀಡನ್ನಿಗೆ ಹೋದರು. 1960ರ ದಶಕದ ಮೊದಲಲ್ಲೇ ಸತ್ತುಹೋಗಿದ್ದ ತಮ್ಮನ್ನು ಈ ಗೋಷ್ಠಿ ಹೂತಲ್ಲಿಂದ ಅಗೆದು ತೆಗೆದಿದೆ ಎಂಬರ್ಥದ ಮಾತನ್ನು ಅಲ್ಲಿ ಹೇಳಿದರು. ಸಭೆಯನ್ನು ಒಲ್ಲದವರ ಬಾಯಲ್ಲಿ ಬರುವ ಮಾತು ಇದಲ್ಲ. ಪ್ರಬಂಧ ಅಚ್ಚಾಗಿ ಆಗ 19 ವರ್ಷ. ಸರ್ಕಾರಿ ಕಾಲೇಜಿನ ನೌಕರಿಯಿಂದ ಅವರು ನಿವೃತ್ತರಾಗಿ ಐದು ವರ್ಷ.

ಇನ್ನೊಂದು ಆಕ್ಷೇಪ ಇನ್ನೂ ತೀಕ್ಷ್ಣ. ಕಾಲರಾ ವಿಷದ ಪುರಾವೆ ಡೇ ಒಬ್ಬರದಲ್ಲ. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ನಿಹಾರ್ ಕುಮಾರ್ ದತ್ತ ಮತ್ತು ಜೊತೆಗಾರರು ಮೊಲದ ಮರಿಗಳ ಮೇಲೆ ಪ್ರಯೋಗ ಮಾಡಿ ಅದೇ 1959ರಲ್ಲಿ ಅದೇ ದಿಕ್ಕಿನ ಫಲಿತಾಂಶ ಪ್ರಕಟಿಸಿದರು. ಮುಂದೆ ಫಿಂಕಲ್‌ಸ್ಟೈನ್ ನೆಚ್ಚಿಕೊಂಡದ್ದು ಈ ಮೊಲದ ಮರಿಯ ಮಾದರಿಯನ್ನು. ದತ್ತ ಅವರಿಗೆ 1960ರ ದಶಕದಲ್ಲಿ ಭಟ್ನಾಗರ್ ಪ್ರಶಸ್ತಿಯೂ ಬಂತು. ಹಾಗಾದರೆ ದೇಶ ಕಾಲರಾ ಸಂಶೋಧಕರನ್ನು ಕಡೆಗಣಿಸಿತು ಎಂಬ ದೂರು ನಿಲ್ಲುವುದಿಲ್ಲ. ಹೌದು, ಆ ರೂಪದಲ್ಲಿ ನಿಲ್ಲುವುದಿಲ್ಲ. ಬದಲಿಗೆ ಇನ್ನೂ ಖಚಿತವಾದದ್ದು ಕಾಣಿಸುತ್ತದೆ. ಹಾಫ್‌ಕಿನ್ ಹೆಸರಾಂತ ಸಂಶೋಧನಾ ಸಂಸ್ಥೆ. ಅಲ್ಲಿದ್ದವರು ಪ್ರಶಸ್ತಿ ಸಮಿತಿಗಳ ದೃಷ್ಟಿಯೊಳಗೆ ಇದ್ದರು. ಡೇ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಆಸ್ಪತ್ರೆಯ ಪೆಥಾಲಜಿ ಕೆಲಸ ನೋಡಿಕೊಳ್ಳುತ್ತಿದ್ದ ಮೇಷ್ಟ್ರು. ನಮ್ಮಲ್ಲಿ ಮನ್ನಣೆ ಸಂಸ್ಥೆಯ ಮೂಲಕ ಹರಿಯುತ್ತದೆ, ಕೆಲಸದ ಮೂಲಕ ಹರಿಯುವುದು ಕಡಿಮೆ. ಒಂದೇ ದೇಶದ ಎರಡು ನಗರಗಳಲ್ಲಿ ಒಂದೇ ವರ್ಷ ಸಿಕ್ಕ ಉತ್ತರ ಅಚ್ಚಾದದ್ದು ಒಂದು ಲಂಡನ್ನಿನಲ್ಲಿ, ಇನ್ನೊಂದು ಅಮೆರಿಕದಲ್ಲಿ ಎಂಬುದೂ ಗಮನಿಸುವಂಥದ್ದು.

ಗಟ್ಟಿ ಕೆಲಸ ತಾನಾಗಿಯೇ ದಾರಿ ಮಾಡಿಕೊಳ್ಳುತ್ತದೆ, ಉಳಿಯದಿದ್ದದ್ದು ಗಟ್ಟಿಯಾಗಿರಲಿಲ್ಲ ಎಂಬ ನಂಬಿಕೆಯೂ ಇದೆ. ಇದನ್ನು ಪರೀಕ್ಷಿಸಲು ಕಾಲರಾದ ಚಿಕಿತ್ಸೆಯ ಇತಿಹಾಸವೇ ಸಾಕು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 186 ರೋಗಿಗಳ ವಿವರ ಪ್ರಕಟಿಸಿದರು. ವಾಂತಿ ನಿಲ್ಲಿಸುವ ಔಷಧಿ ಕೊಟ್ಟು, ಭೇದಿಗೆ ದೊಡ್ಡಪತ್ರೆಯ ರಸ ಕೊಟ್ಟು, ಉಪ್ಪು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಗುಣಪಡಿಸಿದ ವಿವರ ಅದು. ವೈದ್ಯಲೋಕ ಕಿವಿಗೊಡಲಿಲ್ಲ. ಅದಕ್ಕೊಂದು ನ್ಯಾಯವಾದ ಕಾರಣವೂ ಇತ್ತು: ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ, ದೇಹದಿಂದ ಹೊರಹೋದ ನೀರೆಷ್ಟು, ಒಳಸೇರಿದ್ದೆಷ್ಟು ಎಂಬ ಲೆಕ್ಕ ಇರಲಿಲ್ಲ. ಸರಿ, ಚಟರ್ಜಿಯವರ ಮಟ್ಟಿಗೆ ಆ ನಂಬಿಕೆ ಗೆದ್ದಿತು ಎನ್ನೋಣ. ಆದರೆ ಡೇ ಅವರ ಪ್ರಯೋಗದಲ್ಲಿ ಪಕ್ಕದ ಚಪ್ಪಟೆ ತುಂಡೇ ಹೋಲಿಕೆಗೆ ಕೂತಿತ್ತು. ಅವರೂ ಹೊರಗೇ ಉಳಿದರು. ಇತ್ತ 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ ಬನಗಾಂವ್‌ನಲ್ಲಿ ದಿಲೀಪ್ ಮಹಾಲನಬೀಸ್ ಮಾಡಿದ್ದು ನೋಡಿ. ರೋಗಿಗಳು ನೆಲದ ಮೇಲೆ ಮಲಗಿದ್ದರು, ನರಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಿತ್ತು. ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡದ ಲೆಕ್ಕದಲ್ಲಿ ಪುಡಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಕಾಯಿಸಿದ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಅಂಟಿಸಿ ತಂದು, ಡ್ರಮ್ಮುಗಳಲ್ಲಿ ಕರಗಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಅಲ್ಲೂ ಕಟ್ಟುನಿಟ್ಟಿನ ಹೋಲಿಕೆಯ ಗುಂಪು ಇರಲಿಲ್ಲ. ಪ್ರಬಂಧ ಅಚ್ಚಾದದ್ದು 1973ರಲ್ಲಿ. ವ್ಯತ್ಯಾಸ ಏನೆಂದರೆ ಮಹಾಲನಬೀಸ್ ಇದ್ದದ್ದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕಲ್ಕತ್ತೆ ಕೇಂದ್ರದಲ್ಲಿ, ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಆ ಶಿಬಿರವನ್ನು ಕಣ್ಣಾರೆ ಕಂಡು ಹೋಗಿದ್ದರು. ಅಚ್ಚಿಗಿಂತ ಮೊದಲೇ ಸುದ್ದಿ ತಲುಪಬೇಕಾದಲ್ಲಿ ತಲುಪಿತ್ತು. 2002ರ ಪೊಲಿನ್ ಪ್ರಶಸ್ತಿಯನ್ನು ಮಹಾಲನಬೀಸ್ ಮೂವರು ಅಮೆರಿಕನ್ನರೊಂದಿಗೆ ಹಂಚಿಕೊಂಡರು. ಭಾರತದ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಭಾರತದೊಳಗೆ ಪರಸ್ಪರ ಸುದ್ದಿ ಮುಟ್ಟಿಸುವ ವ್ಯವಸ್ಥೆಯೇ ಇರಲಿಲ್ಲ ಎಂದೂ ಹೇಳಲಾಗದು, ಮತ್ತು ಈ ಭಾಗ ಬೆಂಗಳೂರಿಗೆ ಸಂಬಂಧಿಸಿದ್ದು. ಇಲ್ಲಿ 1932ರಲ್ಲಿ ‘ಕರೆಂಟ್ ಸೈನ್ಸ್’ ಹುಟ್ಟಿದ್ದೇ ದೇಶದ ಬೇರೆಬೇರೆ ಊರುಗಳಲ್ಲಿ ಕೆಲಸ ಮಾಡುವ ವಿಜ್ಞಾನಿಗಳಿಗೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಬೇಗ ತಿಳಿಯಲಿ ಎಂದು. ಅದರ ಮೊದಲ ಸಂಪಾದಕರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾವ್, ದಕ್ಷಿಣ ಭಾರತದ ಕಪ್ಪೆಗಳನ್ನು ವರ್ಣಿಸಿದವರು. ಅವರೂ ಡೇ ಹಾಗೆ ಕಾಲೇಜು ಮೇಷ್ಟ್ರೇ. ಎರಡು ವರ್ಷದಲ್ಲಿ ಸಿ. ವಿ. ರಾಮನ್ ಇದೇ ಊರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಡೇ ತಮ್ಮ ಮುಖ್ಯ ಪ್ರಬಂಧವನ್ನು ಇಲ್ಲಿಗೆ ಕಳಿಸದೆ ಲಂಡನ್ನಿಗೆ ಕಳಿಸಿದ್ದು ಸರಿಯೇ. ವಿಷವನ್ನು ಪರೀಕ್ಷಿಸಬಲ್ಲವರು ಓದುತ್ತಿದ್ದದ್ದು ‘ನೇಚರ್’ ಅನ್ನು. ಆದರೆ ಅಕಾಡೆಮಿಯ ಫೆಲೋಶಿಪ್‌ಗೆ ಹೆಸರು ಸೂಚಿಸಬೇಕಾದವರು ಈಗಾಗಲೇ ಫೆಲೋ ಆದವರು. ವೈದ್ಯಕೀಯ ಕಾಲೇಜಿನ ಕಾರಿಡಾರಿಗೂ ಆ ಬಳಗಕ್ಕೂ ನಡುವೆ ಬಾಗಿಲು ಕಡಿಮೆ. ವಿಜ್ಞಾನ ಪ್ರಬಂಧಗಳ ಉಲ್ಲೇಖ ಸೂಚಿಯನ್ನು ಕಟ್ಟಿದ ಯುಜೀನ್ ಗಾರ್ಫೀಲ್ಡ್, ಡೇ ತೀರಿಕೊಂಡ ಮರುವರ್ಷ, ಕಾಲರಾ ಸಂಶೋಧನೆಯಲ್ಲಿ ಅವರ ಪ್ರಭಾವ ಹೇಗೆ ಹರಡಿತು ಎಂದು ಅಳೆದು ಬರೆದರು. 1990ರಲ್ಲಿ ‘ಕರೆಂಟ್ ಸೈನ್ಸ್’ ಡೇ ಅವರಿಗೆಂದೇ ಒಂದು ವಿಶೇಷ ಸಂಚಿಕೆ ತಂದಿತು. ಅವರನ್ನು ಅಕಾಡೆಮಿಗಳು ಬಿಟ್ಟುಬಿಟ್ಟಿದ್ದು ನಮ್ಮ ಕಾಲದ ಎದ್ದು ಕಾಣುವ ಲೋಪ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪದ್ಮನಾಭನ್ ಬಲರಾಂ ಮುಚ್ಚುಮರೆಯಿಲ್ಲದೆ ಬರೆದರು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಆ ಸಂಚಿಕೆಗೆ ಬರೆದವರಲ್ಲಿ ಒಬ್ಬರು. ಡೇ ಬದುಕಿದ್ದಾಗ ನೊಬೆಲ್ ಪ್ರಶಸ್ತಿಗೆ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದ್ದವರೂ ಅವರೇ. 1994ರಲ್ಲಿ, ಜೀವಕೋಶದೊಳಗೆ ಸಂಕೇತ ದಾಟಿಸುವ ಜಿ-ಪ್ರೋಟೀನುಗಳ ಶೋಧಕ್ಕೆ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಸಿಕ್ಕಿತು. ಆ ಪ್ರೋಟೀನುಗಳನ್ನು ಗುರುತಿಸಲು ಪ್ರಯೋಗಾಲಯಗಳಲ್ಲಿ ದಿನನಿತ್ಯ ಬಳಕೆಯಾದ ಸಾಧನಗಳಲ್ಲಿ ಕಾಲರಾದ ವಿಷವೂ ಒಂದು.