ಮಲ್ಲಸಾಧನೆ (ರೋಣ, ನರಗುಂದ, ಗಜೇಂದ್ರಗಡ ಸೀಮೆ)

ಎದುರಾಳಿಯ ಏಟು, ಎಳೆತ, ಭಾರಗಳನ್ನು ತಾಳಿ ನಿಲ್ಲಬಲ್ಲ ಹೋರಾಟಗಾರನ ಮೈಯನ್ನು ಆಹಾರ, ಸಾಮು, ಪಟ್ಟುಗಳಿಂದ ಕಟ್ಟುವ ವಿದ್ಯೆ. ಇಂದು ಗದಗ ಜಿಲ್ಲೆಗೆ ಸೇರಿರುವ ಈ ಮೂರು ತಾಲ್ಲೂಕುಗಳ ಸೀಮೆಯ ಬಹುಭಾಗ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬೆಳ್ವೊಲ-300, ಕಿಸುಕಾಡು-70 ಎಂಬ ನಾಡುಗಳಲ್ಲಿ ಹಂಚಿಹೋಗಿತ್ತು. ದಾಳದ, ಕಂಪ್ಯೂಟರಿನ ಆಟಗಳಲ್ಲಿ ‘ಬಾರ್ಬೇರಿಯನ್’ ಪಾತ್ರವನ್ನು ಹೊಡೆತ ತಿಂದೂ ಬೀಳದಂತೆ ರೂಪಿಸಲು ಇಂದಿನ ಹುಡುಗರು ಹಾಕುವ ಲೆಕ್ಕ ಹೊಸದೇನಲ್ಲ. ಯಾರಿಗೆ ಎಷ್ಟು ಕಸುವು, ಯಾವ ವಯಸ್ಸಿಗೆ ಯಾವ ಸಾಮು, ಏನು ಊಟ ಎಂಬುದನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಈ ನಾಡನ್ನು ಆಳಿದ ಅರಸನೊಬ್ಬನ ಹೆಸರಿನ ಗ್ರಂಥವೇ ಹೇಳುತ್ತದೆ.

ಗ್ರಂಥಕ್ಕಿಂತ ಮೊದಲು ಕಾವ್ಯ ಬಂದಿತ್ತು. ಮುಧೋಳದ ರನ್ನ ಕವಿ 10ನೆಯ ಶತಮಾನದ ಕೊನೆಯಲ್ಲಿ ‘ಸಾಹಸಭೀಮವಿಜಯ’ ಅಥವಾ ‘ಗದಾಯುದ್ಧ’ವನ್ನು ರಚಿಸಿ, ತನ್ನ ಆಶ್ರಯದಾತ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿದ. ಬಿಲ್ಲಾಳು ಅರ್ಜುನನನ್ನು ಬಿಟ್ಟು ಗದೆಯ ಭೀಮನನ್ನು ನಾಯಕನನ್ನಾಗಿ ಆರಿಸಿಕೊಂಡದ್ದರಲ್ಲಿ ಆ ಕಾಲದ ರುಚಿ ಕಾಣುತ್ತದೆ. ಭೀಮನ ಬಲವಿರುವುದು ಅವನ ಸಿಟ್ಟಿನಲ್ಲಿ. ಆದರೆ ಆ ಸಿಟ್ಟು ಎರಡು ಪ್ರತಿಜ್ಞೆಗಳಿಗೆ ಕಟ್ಟುಬಿದ್ದದ್ದು: ದುಶ್ಶಾಸನನ ರಕ್ತ, ದುರ್ಯೋಧನನ ತೊಡೆ. ಎದುರಿಗಿರುವ ದುರ್ಯೋಧನನೂ ಸಾಮಾನ್ಯನಲ್ಲ. ಗಾಂಧಾರಿಯ ಕಣ್ಣು ಬಿದ್ದ ಅವನ ಮೈಯೆಲ್ಲ ವಜ್ರವಾಯಿತು, ಬಟ್ಟೆ ಮರೆಮಾಡಿದ್ದ ತೊಡೆ ಮಾತ್ರ ಹಾಗೇ ಉಳಿಯಿತು ಎಂಬ ಕಥೆ ಜನರ ಬಾಯಲ್ಲಿ ಇಂದಿಗೂ ಇದೆ. ಎಷ್ಟೇ ಗಟ್ಟಿಗನಾದರೂ ಒಂದು ಕಡೆ ಮೆತ್ತಗಿರಬೇಕು, ಇಲ್ಲದಿದ್ದರೆ ಕಥೆ ನಡೆಯದು ಎಂಬುದು ಕಥೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಇದೇ ಸೀಮೆಯ ಸೂಡಿ ಕಿಸುಕಾಡಿನ ಆಡಳಿತ ಕೇಂದ್ರವಾಗಿತ್ತು. ಚಾಲುಕ್ಯ ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ ಈ ನಾಡನ್ನು ಆಳಿದಳು. ಗೋಕಾಗೆಯ, ಅಂದರೆ ಇಂದಿನ ಗೋಕಾಕದ ಕೋಟೆಗೆ ಅವಳು ಮುತ್ತಿಗೆ ಹಾಕಿದ್ದನ್ನೂ, ರಣದಲ್ಲಿ ಅವಳು ಭೈರವಿಯಂತೆ ಇದ್ದದ್ದನ್ನೂ ಶಾಸನಗಳು ಕೊಂಡಾಡುತ್ತವೆ. ಸೂಡಿಯ ಜೋಡು ಕಳಸದ ಗುಡಿಯನ್ನು ನೋಡಲು ಬರುವವರಲ್ಲಿ ಈ ಹೆಣ್ಣುಮಗಳ ಹೆಸರು ಕೇಳಿದವರು ಕಡಿಮೆ. ರೋಣಕ್ಕೆ ದ್ರೋಣಪುರ ಎಂಬ ಹಳೆಯ ಹೆಸರಿತ್ತೆಂದು ಸ್ಥಳೀಯರು ಹೇಳುತ್ತಾರಾದರೂ, ಮಲ್ಲರ ಪಾಲಿಗೆ ಆ ಗುರುವಿನಿಂದ ಹೆಚ್ಚು ಪ್ರಯೋಜನವಿಲ್ಲ. ದ್ರೋಣ ಬಿಲ್ಲಿನವನು, ಗರಡಿಯ ದೇವರು ಹನುಮಪ್ಪ.

ಮಾನಸೋಲ್ಲಾಸದ ಮಲ್ಲವಿನೋದ

ಕಲ್ಯಾಣ ಚಾಲುಕ್ಯ ಅರಸರ ಬಿರುದುಗಳೇ ಮಲ್ಲಮಯ: ಜಗದೇಕಮಲ್ಲ, ಆಹವಮಲ್ಲ, ಭುವನೈಕಮಲ್ಲ, ತ್ರಿಭುವನಮಲ್ಲ. ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಆಳಿದವನು. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ನೂರು ಅಧ್ಯಾಯಗಳಲ್ಲಿ ಅರಸನ ಕರ್ತವ್ಯದಿಂದ ಅಡುಗೆಯವರೆಗೆ ಎಲ್ಲವನ್ನೂ ಹೇಳುತ್ತದೆ. ಅದರ ವಿನೋದಗಳ ಸಾಲಿನಲ್ಲಿ ಆನೆ ಕುದುರೆಗಳ ಆಟ, ಟಗರು ಕೋಣಗಳ ಕಾಳಗಗಳ ಜೊತೆಗೆ ಅಂಕವಿನೋದವೂ ಮಲ್ಲವಿನೋದವೂ ಬರುತ್ತವೆ.

ಮಲ್ಲವಿನೋದದ ಮೊದಲ ಕೆಲಸ ವರ್ಗೀಕರಣ. ವಯಸ್ಸು, ಮೈಗಾತ್ರ, ಶಕ್ತಿಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಮೇಲಿನಿಂದ ಕೆಳಕ್ಕೆ ವಿಂಗಡಿಸಲಾಗಿದೆ. ಬಳಿಕ ಶ್ರಮಗಳು, ಎಂದರೆ ಸಾಮುಗಳು. ಭಾರಶ್ರಮದಲ್ಲಿ ತೂಕ ಎತ್ತುವುದು, ಭ್ರಮಣಶ್ರಮದಲ್ಲಿ ನಡಿಗೆ, ಸಲಿಲಶ್ರಮದಲ್ಲಿ ಈಜು, ಬಾಹುಪೆಲ್ಲಣಕದಲ್ಲಿ ತೋಳಿನ ಸಾಮು, ಸ್ತಂಭಶ್ರಮದಲ್ಲಿ ಕಂಬದ ಮೇಲಿನ ಕಸರತ್ತು. ಮಲ್ಲಕಂಬದ ಚರಿತ್ರೆ ಬರೆಯುವವರು ಈ ಕೊನೆಯದನ್ನೇ ಹಳೆಯ ಸಾಕ್ಷಿಯಾಗಿ ತೋರಿಸುತ್ತಾರೆ. ಪಟ್ಟುಗಳ ವಿಷಯಕ್ಕೆ ಬಂದರೆ ಗ್ರಂಥ ಹೆಸರು ಹೇಳುತ್ತದೆ, ಬಿಡಿಸಿ ಹೇಳುವುದಿಲ್ಲ. ವಿದ್ಯೆ ಗುರುವಿನ ಕೈ ತಪ್ಪಬಾರದೆಂಬ ಎಚ್ಚರವೋ, ಬರೆದ ಪಂಡಿತರು ಕಣಕ್ಕೆ ಇಳಿದವರಲ್ಲವೋ, ಎರಡನೆಯದೇ ನಿಜವಿರಬೇಕು.

ಊಟದಲ್ಲಿ ಮಾತ್ರ ಇಂಥ ಜಿಪುಣತನವಿಲ್ಲ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮ ಸಿಹಿತಿಂಡಿ, ಇವನ್ನೆಲ್ಲ ಒದಗಿಸುವುದು ಅರಸನ ಹೊಣೆ. ಮಲ್ಲರು ಅಂತಃಪುರದ ಹೆಂಗಸರಿಂದ ದೂರವಿದ್ದು ಮೈ ಕಟ್ಟುವುದರಲ್ಲೇ ತೊಡಗಿರಬೇಕು. ಇಡೀ ಅಧ್ಯಾಯದಲ್ಲಿ ಮುಖ್ಯವಾದದ್ದು ಇದೇ. ಇಂಥ ಮೈಯನ್ನು ಯಾವನೂ ತನ್ನ ಸ್ವಂತ ಖರ್ಚಿನಲ್ಲಿ ಕಟ್ಟಿಕೊಳ್ಳಲಾರ. ಹೊಲದಲ್ಲಿ ದುಡಿಯದ, ಆದರೆ ನಾಲ್ಕಾಳಿನಷ್ಟು ಉಣ್ಣುವ ಒಬ್ಬನನ್ನು ಸಾಕಲು ಉಳಿದವರ ಕಣಜ ತುಂಬಿರಬೇಕು.

ಆ ಋಣಕ್ಕೆ ಬೆಲೆಯೂ ಇತ್ತು. ಉಂಡ ಜೋಳಕ್ಕೆ ತಲೆ ಕೊಡುವ ಜೋಳವಾಳಿ, ಒಡೆಯನ ಹೊತ್ತಿಗೆ ಒದಗುವ ವೇಳೆವಾಳಿ ಎಂಬ ಕಟ್ಟುಪಾಡುಗಳು ಕನ್ನಡ ಶಾಸನ ಕಾವ್ಯಗಳಲ್ಲಿ ಮತ್ತೆಮತ್ತೆ ಬರುತ್ತವೆ. ಅಂಕವಿನೋದದ ಅಂಕಕಾರ ಜನರೆದುರು ಆಯುಧ ಹಿಡಿದು ಜೀವ ಪಣಕ್ಕಿಟ್ಟು ಕಾದಾಡುತ್ತಿದ್ದ. ಮಲ್ಲನ ಕಾಳಗ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯುತ್ತಿತ್ತು, ಅಂಕಕಾರನದು ಹಾಗೆ ಮುಗಿಯುತ್ತಿರಲಿಲ್ಲ. ತುರು ಕಾಯುತ್ತ, ಊರು ಕಾಯುತ್ತ ಸತ್ತವರ ವೀರಗಲ್ಲುಗಳು ಈ ಭಾಗದ ಹಳ್ಳಿಗಳ ಗುಡಿಯ ಮಗ್ಗುಲಲ್ಲಿ, ಅಗಸೆಯ ಬಳಿ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ.

ವಿಜಯನಗರದಿಂದ ಕೋಟೆಗಳ ಕಾಲದವರೆಗೆ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ಸಾಮನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನ ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ ಎಳ್ಳೆಣ್ಣೆ ಕುಡಿಯುವುದು, ಅದೇ ಎಣ್ಣೆಯನ್ನು ಮೈಗೆಲ್ಲ ತಿಕ್ಕಿಸಿಕೊಳ್ಳುವುದು, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳಲ್ಲಿ ಎತ್ತುವುದು, ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಕತ್ತಿ ತಿರುಗಿಸುವುದು. ಆಮೇಲೆ ಆಸ್ಥಾನದ ಜಟ್ಟಿಯೊಬ್ಬನ ಜೊತೆ ಕುಸ್ತಿ, ಕೊನೆಗೆ ಕುದುರೆ ಸವಾರಿ. ಮಹಾನವಮಿಯ ಜಟ್ಟಿಕಾಳಗವನ್ನೂ ಅವನು ನೋಡಿದ್ದ. ಹಲ್ಲು ಉದುರುವಂತೆ, ಮುಖದ ಚಹರೆ ಕೆಡುವಂತೆ ಗುದ್ದಾಟ ನಡೆಯುತ್ತಿತ್ತಂತೆ. ಮೈಸೂರು ಅರಮನೆಯ ದಸರೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಈ ಪರಂಪರೆಯದೇ.

ಕೋಟೆಗಳ ಕಾಲದಲ್ಲಿ ನರಗುಂದ, ಗಜೇಂದ್ರಗಡಗಳ ಗುಡ್ಡಗಳು ಮಹತ್ವಕ್ಕೆ ಬಂದವು. ನರಗುಂದದ ಕೋಟೆ ಶಿವಾಜಿಯ ಕಾಲದ್ದು, ಮುಂದೆ ಭಾವೆ ಮನೆತನದ ಸಂಸ್ಥಾನದ ನೆಲೆ. ಗಜೇಂದ್ರಗಡ ಘೋರ್ಪಡೆ ಮನೆತನದ್ದು. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದವನ್ನು ಗೆದ್ದಿತು. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ಇದೆ. 1858ರ ಮೇ ತಿಂಗಳಲ್ಲಿ ನರಗುಂದದ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದು, ಸುರೇಬಾನದ ಬಳಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಲ್ಲಿಸಿದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು, ಸಂಸ್ಥಾನ ಬ್ರಿಟಿಷರ ವಶವಾಯಿತು. ತೋಪು ಬಂದೂಕುಗಳ ಮುಂದೆ ಗಟ್ಟಾಳಿನ ಮೈ ಲೆಕ್ಕಕ್ಕಿಲ್ಲದಂತಾಗಿತ್ತು. ಯುದ್ಧಕ್ಕೆ ಬೇಡವಾದ ವಿದ್ಯೆಯನ್ನು ಊರಿನ ಗರಡಿ ಮತ್ತು ಜಾತ್ರೆಗಳು ಉಳಿಸಿಕೊಂಡವು.

ಗರಡಿ, ಕಣ, ಮಣ್ಣು

ಈ ಸೀಮೆಯಲ್ಲಿ ಗರಡಿ ನಡೆಸುವುದು ಮಣ್ಣಿನಿಂದಲೇ ಕಷ್ಟ. ನರಗುಂದ, ರೋಣಗಳದು ಬಹುಪಾಲು ಎರೆಹೊಲ. ಜೋಳ, ಕಡಲೆ, ಹತ್ತಿ, ಕುಸುಬೆಗೆ ಅದು ಬಂಗಾರ, ಕುಸ್ತಿಗೆ ಮಾತ್ರ ಒಗ್ಗದು. ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುತ್ತದೆ, ಹಸಿಯಾದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ. ಹಾಗಾಗಿ ಕಣಕ್ಕೆ ಕೆಂಪು ಮಣ್ಣು ತರಿಸಿ, ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಬೆರೆಸಿ ಹದಗೊಳಿಸುತ್ತಾರೆ. ದಿನವೂ ಸನಿಕೆಯಿಂದ ಅಗೆದು ಮಗುಚಬೇಕು, ಆ ಅಗೆತವೇ ಎಳೆಯ ಹುಡುಗರ ಮೊದಲ ಸಾಮು. ಗೋಡೆಯ ಗೂಡಿನಲ್ಲಿ ಹನುಮಪ್ಪ, ಮೂಲೆಯಲ್ಲಿ ಬೀಸುವ ಮರದ ಕರೇಲ, ಗದೆ, ಗುಂಡುಕಲ್ಲು. ಗರಡಿಯ ಗುರು ವಸ್ತಾದ ಹೇಳುವವರೆಗೆ ಯಾರೂ ಮಣ್ಣಿಗೆ ಇಳಿಯುವಂತಿಲ್ಲ.

ದಂಡ, ಬೈಠಕ್‌ಗಳು ನೂರರ ಲೆಕ್ಕದಿಂದ ಆರಂಭವಾಗಿ ಸಾವಿರಕ್ಕೆ ಏರುತ್ತವೆ. ಬೈಠಕ್‌ನಿಂದ ತೊಡೆ, ದಂಡದಿಂದ ಎದೆ ಹೆಗಲು ಬಲಿಯುತ್ತವೆ. ತಲೆಯನ್ನು ನೆಲಕ್ಕೂರಿ ಮೈ ಬಿಲ್ಲಾಗಿಸುವ ಸಾಮು ಕುತ್ತಿಗೆಗೆ. ಕುತ್ತಿಗೆ ಬಲಿಯದ ಪೈಲ್ವಾನನ ಬೆನ್ನು ಮಣ್ಣಿಗೆ ಬೇಗ ತಾಗುತ್ತದೆ. ಮುರಿದ ಕಿವಿ ಈ ಬಾಳಿನ ಗುರುತು. ಎದುರಾಳಿಯ ತಲೆ ಉಜ್ಜಿ ಉಜ್ಜಿ ಕಿವಿಯೊಳಗೆ ರಕ್ತ ಹೆಪ್ಪುಗಟ್ಟಿ, ಒಣಗಿ ಗಂಟಾಗುತ್ತದೆ. ಜಾತ್ರೆಯಲ್ಲಿ ಜೋಡಿ ಹಚ್ಚುವ ಹಿರಿಯರು ಮೊದಲು ಹುಡುಗನ ಕಿವಿ ನೋಡಿ, ಆಮೇಲೆ ತೋಳು ನೋಡುತ್ತಾರೆ.

ಊಟ ಇಲ್ಲಿಯೂ ದೊಡ್ಡ ಪ್ರಶ್ನೆ. ಉಳ್ಳವರ ಮಕ್ಕಳಿಗೆ ಬದಾಮಿ ಅರೆದ ಥಂಡಾಯಿ, ತುಪ್ಪ, ಹಾಲು, ಖಾರೀಕು. ಇಲ್ಲದವರಿಗೆ ನೆನೆಹಾಕಿದ ಕಡಲೆ, ಜೋಳದ ರೊಟ್ಟಿ, ಹೆಸರುಕಾಳು, ಮನೆಯ ಎಮ್ಮೆ ಇದ್ದರೆ ಅದರ ಹಾಲು. ಅರಸನ ಜಾಗಕ್ಕೆ ಊರ ಗೌಡ, ದೇಸಾಯಿ, ದಲಾಲಿ ಅಂಗಡಿಯ ಸಾಹುಕಾರ ಬಂದರು. ಉತ್ತರ ಕರ್ನಾಟಕದ ಪೈಲ್ವಾನರಿಗೆ ದೊಡ್ಡ ಆಸರೆ ಕೊಲ್ಲಾಪುರ. ಅಲ್ಲಿನ ಶಾಹು ಮಹಾರಾಜರು (ಆಳ್ವಿಕೆ 1894–1922) ತಾಲೀಮುಗಳನ್ನು ಸಾಕಿ, 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನವನ್ನು ತೆರೆದರು. ಕೃಷ್ಣಾ ನದಿಯ ಎರಡೂ ದಂಡೆಯ ಹುಡುಗರಿಗೆ ಅಲ್ಲಿ ಕುಸ್ತಿ ಹಿಡಿಯುವುದೆಂದರೆ ಪದವಿ ಪಡೆದಂತೆ.

ಜಾತ್ರೆಯ ಕಣದಲ್ಲಿ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುವುದು ವಾಡಿಕೆ. ಹಲಗಿಯ ಸದ್ದು ಏರಿದಂತೆ ಜೋಡಿಯೂ ದೊಡ್ಡದಾಗುತ್ತದೆ. ತೂಕದ ಯಂತ್ರವಿಲ್ಲ, ಗಡಿಯಾರವಿಲ್ಲ. ನಿಕಾಲಿ ಕುಸ್ತಿಯೆಂದರೆ ಒಬ್ಬ ಚಿತ್ ಆಗುವವರೆಗೆ ಬಿಡುವಿಲ್ಲ. ಗಟ್ಟಾಳಿನ ತಂತ್ರ ರೂಪುಗೊಂಡದ್ದು ಈ ನಿಯಮದಿಂದಲೇ. ಕೆಳಗೆ ಬಿದ್ದವನು ಹೊಕ್ಕುಳನ್ನು ಮಣ್ಣಿಗೆ ಅಂಟಿಸಿ, ಮೊಣಕಾಲು ಮೊಣಕೈಗಳನ್ನು ಅಗಲಿಸಿ ಮಲಗುತ್ತಾನೆ. ಮೇಲಿನವನು ಕಚ್ಚೆ ಹಿಡಿದು ಎತ್ತುತ್ತಾನೆ, ಕುತ್ತಿಗೆಗೆ ಕೈ ಹಾಕುತ್ತಾನೆ, ಮಗ್ಗುಲು ಬದಲಿಸುತ್ತಾನೆ. ಕೆಳಗಿನವನು ಉಸಿರು ಕಾಯ್ದುಕೊಂಡು ಸುಮ್ಮನಿರುತ್ತಾನೆ. ನೋಡುವವರಿಗೆ ಬೇಸರ, ಬಲ್ಲವರಿಗೆ ಅದೇ ರುಚಿ. ಕಾಲು ಗಂಟೆಯ ನಂತರ ಮೇಲಿನವನ ತೋಳು ಸೋಲುತ್ತದೆ, ಆಗ ಒಂದೇ ಹೊರಳು.

ಕುಸ್ತಿಯ ಜೊತೆಗೆ ಸಂಗ್ರಾಣಿ ಕಲ್ಲು ಎತ್ತುವುದು, ಕ್ವಿಂಟಲ್ ತೂಕದ ಚೀಲವನ್ನು ಕೈಯಿಂದ, ಕೆಲವೊಮ್ಮೆ ಹಲ್ಲಿನಿಂದ ಎತ್ತುವ ಪಂಥಗಳೂ ನಡೆಯುತ್ತವೆ. ಇವು ಬಲದ ಪ್ರದರ್ಶನಗಳು, ಮಲ್ಲಸಾಧನೆಯ ಅಂಚಿನವು. ದೊಡ್ಡಾಟದ ಭೀಮ, ಕೀಚಕರೂ ಹಾಗೆಯೇ: ಭುಜಕೀರ್ತಿ, ಎದೆಹಾರ, ಕಿರೀಟಗಳ ಭಾರ ಹೊತ್ತು ರಾತ್ರಿಯಿಡೀ ಕುಣಿಯಬೇಕಾದ ನಟನಿಗೂ ಬೈಠಕ್ ತಪ್ಪಿದ್ದಲ್ಲ.

ಆಟಗಳ ಲೋಕದಲ್ಲಿ

ಪಶ್ಚಿಮದಲ್ಲಿ ಏಟು ತಾಳುವ ಗಟ್ಟಾಳಿನ ಆಧುನಿಕ ರೂಪ ರಾಬರ್ಟ್ ಹೊವಾರ್ಡ್ 1932ರಲ್ಲಿ ಸೃಷ್ಟಿಸಿದ ಕೋನನ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟಕ್ಕೆ 1980ರ ದಶಕದಲ್ಲಿ ಬಾರ್ಬೇರಿಯನ್ ಎಂಬ ವರ್ಗ ಸೇರಿತು. 2014ರ ನಿಯಮಗಳಲ್ಲಿ ಅವನ ಜೀವಬಲಕ್ಕೆ ಹನ್ನೆರಡು ಮುಖದ ದಾಳ, ಯಾವ ವರ್ಗಕ್ಕೂ ಇದಕ್ಕಿಂತ ದೊಡ್ಡದಿಲ್ಲ. ಮಂತ್ರವಾದಿಗೆ ಆರು ಮುಖದ್ದು. ಕವಚ ತೊಡದಿದ್ದರೆ ಅವನ ರಕ್ಷಣೆ ಹತ್ತು, ಅದಕ್ಕೆ ಚುರುಕು ಮತ್ತು ತಾಳಿಕೆಗಳ ಅಂಕ ಕೂಡಬೇಕು. ರೋಷ ಏರಿದಾಗ ಗುದ್ದು, ತಿವಿತ, ಕಡಿತಗಳ ನಷ್ಟ ಅರ್ಧಕ್ಕೆ ಇಳಿಯುತ್ತದೆ, ಆದರೆ ಭಾರೀ ಕವಚ ತೊಟ್ಟವನಿಗೆ ಈ ಲಾಭವಿಲ್ಲ. ಮೊದಲ ಹಂತದಲ್ಲಿ ರೋಷ ಎರಡೇ ಬಾರಿ, ಮತ್ತೆ ಬೇಕೆಂದರೆ ದೀರ್ಘ ವಿಶ್ರಾಂತಿ ಪಡೆಯಬೇಕು. ಆದ್ದರಿಂದ ಹೊಡೆತ ತಾಳುವ ಪಾತ್ರ ಕಟ್ಟುವವರು ಬುದ್ಧಿಯ ಅಂಕ ಕಡಿಮೆ ಮಾಡಿ ತಾಳಿಕೆಗೆ ಸುರಿಯುತ್ತಾರೆ. ಲಂಗೋಟಿ ಕಟ್ಟಿ ಮೈಯನ್ನೇ ಕವಚ ಮಾಡಿಕೊಂಡ ಪೈಲ್ವಾನನಿಗೆ ಈ ಸೂತ್ರ ಒಪ್ಪುತ್ತದೆ. ಬುದ್ಧಿ ಕಡಿಮೆ ಮಾಡುವ ಮಾತನ್ನು ಮಾತ್ರ ಯಾವ ವಸ್ತಾದನೂ ಒಪ್ಪಲಾರ. ಊಟದ ಖರ್ಚು ಯಾರದೆಂಬ ಪ್ರಶ್ನೆಯೂ ಆಟದಲ್ಲಿ ಹೆಚ್ಚುಕಡಿಮೆ ಏಳುವುದೇ ಇಲ್ಲ. ಈ ವಿಷಯದಲ್ಲಿ ಸೋಮೇಶ್ವರನ ಗ್ರಂಥವೇ ಹೆಚ್ಚು ಪ್ರಾಮಾಣಿಕ.

ಇಂದಿನ ಸ್ಥಿತಿ

ಮ್ಯಾಟ್ ಕುಸ್ತಿ ಬಂದ ಮೇಲೆ ಲೆಕ್ಕ ಬದಲಾಯಿತು. ಮೂರು ಮೂರು ನಿಮಿಷದ ಎರಡು ಸುತ್ತು, ಫಲಿಸಿದ ಪಟ್ಟಿಗೆ ಅಂಕ, ಸುಮ್ಮನೆ ತಡೆಯುತ್ತ ನಿಂತವನಿಗೆ ಎಚ್ಚರಿಕೆ. ಮಣ್ಣಿನಲ್ಲಿ ಹೊಕ್ಕುಳ ಅಂಟಿಸಿ ಕಾಲು ಗಂಟೆ ಕಾಯುವ ವಿದ್ಯೆಗೆ ಇಲ್ಲಿ ಹೊತ್ತು ಸಾಲದು. ಪುರುಷರ ಫ್ರೀಸ್ಟೈಲ್‌ನಲ್ಲಿ ಮೇಲಿನ ಮಿತಿ 125 ಕಿಲೊ, ಅದಕ್ಕಿಂತ ದೊಡ್ಡ ಮೈಗೆ ಜಾಗವೇ ಇಲ್ಲ. 2020ರ ಫೆಬ್ರವರಿಯಲ್ಲಿ ಧಾರವಾಡದಲ್ಲಿ ಸರ್ಕಾರ ಕರ್ನಾಟಕ ಕುಸ್ತಿ ಹಬ್ಬ ನಡೆಸಿತು. ಹೆಣ್ಣುಮಕ್ಕಳಿಗೆ ಹಳೆಯ ಗರಡಿಯ ಬಾಗಿಲು ತೆರೆದಿರಲಿಲ್ಲ. ಮಹಿಳೆಯರ ಕುಸ್ತಿ 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಸೇರಿದ ಮೇಲೆ ಅವರೂ ಮ್ಯಾಟಿಗೆ ಇಳಿಯುತ್ತಿದ್ದಾರೆ. ಮಣ್ಣಿನ ಕುಸ್ತಿ ಈಗ ಮುಖ್ಯವಾಗಿ ಜಾತ್ರೆಗಳಲ್ಲಿ ನಡೆಯುತ್ತದೆ, ಅದರ ಖರ್ಚನ್ನು ಇಂದಿಗೂ ಊರವರು ಪಟ್ಟಿ ಎತ್ತಿ ಹೊರುತ್ತಾರೆ.