ಒಪ್ಪಿಗೆ ಪತ್ರದ ಹಿಂದಿನ ಚರಿತ್ರೆ

1957ರ ಫೆಬ್ರುವರಿ 25ರಂದು ಪ್ಯಾರಿಸ್ಸಿನಲ್ಲಿ ಶಾರ್ಲ್ ಎಯ್ರಿಯೆಸ್ ಎಂಬ ಕಿವಿ ವೈದ್ಯರು ಒಬ್ಬ ರೋಗಿಯ ಶ್ರವಣ ನರದ ತುದಿಗೆ ತಂತಿಯೊಂದನ್ನು ಮುಟ್ಟಿಸಿ, ಅದಕ್ಕೆ ಜೋಡಿಸಿದ್ದ ಪುಟ್ಟ ಸುರುಳಿಯನ್ನು ತಲೆಯ ಪಕ್ಕದ ಸ್ನಾಯುವಿನಲ್ಲಿ ಹುದುಗಿಸಿ ಹೊಲಿಗೆ ಹಾಕಿದರು. ಸುರುಳಿಯನ್ನು ಮಾಡಿಕೊಟ್ಟವರು ಆಂದ್ರೆ ಜೂರ್ನೊ ಎಂಬ ಸಂಶೋಧಕರು. ರೋಗಿಯ ಎರಡೂ ಕಿವಿಗಳಲ್ಲಿ ಕೊಲೆಸ್ಟಿಯಟೋಮಾ ಎಂಬ ಗಡ್ಡೆ ಬೆಳೆದು, ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಶ್ರವಣ ಶಕ್ತಿಯೂ ಮುಖದ ನರದ ಬಲವೂ ಹೋಗಿದ್ದವು. ಅಂದು ಎಯ್ರಿಯೆಸ್ ಸರಿಪಡಿಸಹೊರಟದ್ದು ಮುಖದ ನರವನ್ನು; ತಂತಿ ಅದರ ಜೊತೆಗೆ ನಡೆದ ಪ್ರಯೋಗ. ಆ ಮನುಷ್ಯನಿಗೆ ಮೊದಲು ಕೇಳಿಸಿದ್ದು ಮಾತಲ್ಲ, ಜೀರುಂಡೆ ಕೂಗಿದಂಥ ಸದ್ದು. ಅಭ್ಯಾಸದ ಮೇಲೆ ಬೆರಳೆಣಿಕೆಯ ಪದಗಳನ್ನು ಗುರುತಿಸುವಷ್ಟಾಯಿತು. ಕೆಲವು ತಿಂಗಳಲ್ಲಿ ಸಾಧನ ಕೆಟ್ಟಿತು. ಎರಡನೆಯದನ್ನಿಟ್ಟರು, ಅದೂ ಕೆಟ್ಟಿತು. ಮೂರನೆಯ ಸಲಕ್ಕೆ ಎಯ್ರಿಯೆಸ್ ಒಪ್ಪಲಿಲ್ಲ.

ಕಾಕ್ಲಿಯರ್ ಇಂಪ್ಲಾಂಟಿನ ಚರಿತ್ರೆ ಶುರುವಾಗುವುದು ಹೀಗೆ. ನಾನು ಇದನ್ನು ಓದಲು ಕೂತದ್ದು ಬರಿಯ ಕುತೂಹಲದಿಂದಲ್ಲ. ನನ್ನ ತಂಗಿಯ ಮಗಳಿಗೆ ಈಗ ಒಂದೂವರೆ ವರ್ಷ. ಎರಡೂ ಕಿವಿ ಕೇಳಿಸುವುದಿಲ್ಲವೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಹಿಯರಿಂಗ್ ಏಡ್ ಹಾಕಿ ತಿಂಗಳುಗಟ್ಟಲೆ ನೋಡಿದ್ದಾಯಿತು, ಪ್ರಯೋಜನ ಕಾಣಲಿಲ್ಲ. ಕಡೆಗೆ ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ ಕೈಗಿತ್ತರು. ಅದರಲ್ಲೊಂದು ಪಟ್ಟಿ: ಮುಖದ ನರಕ್ಕೆ ಪೆಟ್ಟು, ತಲೆಸುತ್ತು, ನಾಲಿಗೆಯ ರುಚಿಯಲ್ಲಿ ವ್ಯತ್ಯಾಸ, ಗಾಯ ಕೀವಾಗುವುದು, ಮಿದುಳಿನ ಸುತ್ತಲಿನ ದ್ರವ ಸೋರುವುದು, ಮೆನಿಂಜೈಟಿಸ್, ಸಾಧನ ಕೆಟ್ಟರೆ ಇನ್ನೊಮ್ಮೆ ಶಸ್ತ್ರಚಿಕಿತ್ಸೆ. ತಂಗಿ ಸಹಿ ಹಾಕದೆ ಅದನ್ನು ಮನೆಗೆ ತಂದಳು. "ಅಣ್ಣಾ, ನೀನು ಚರಿತ್ರೆ ಪಾಠ ಮಾಡೋನು. ಇದನ್ನೆಲ್ಲ ಬರೆದಿರೋದು ನಮ್ಮನ್ನ ಎಚ್ಚರಿಸೋಕೋ, ನಾಳೆ ಅವರು ಬಚಾವಾಗೋಕೋ?" ಎಂದು ಕೇಳಿದಳು.

ಎರಡಕ್ಕೂ ಇರಬಹುದು. ಆದರೆ ಓದುತ್ತ ಹೋದಂತೆ ನನಗೆ ಕಂಡದ್ದು ಬೇರೆ. ಆ ಪಟ್ಟಿಯ ಸಾಲುಗಳ ಹಿಂದೆ ಯಾರದೋ ನೋವು ಇದೆ, ಆ ನೋವನ್ನು ಮುಚ್ಚಿಡದೆ ಲೆಕ್ಕಕ್ಕೆ ತಂದವರ ಹಟವೂ ಇದೆ. ಆತಂಕಪಟ್ಟವರೇ ಈ ಶಸ್ತ್ರಚಿಕಿತ್ಸೆಯನ್ನು ಇಂದಿನಷ್ಟು ಸುರಕ್ಷಿತವಾಗಿಸಿದರು.

ಪ್ಯಾರಿಸ್ಸಿನ ಸುದ್ದಿ ಲಾಸ್ ಏಂಜಲಿಸ್‌ನ ವೈದ್ಯ ವಿಲಿಯಂ ಹೌಸ್ ಅವರನ್ನು ತಲುಪಿತು. 1961ರಲ್ಲಿ ಅವರು ರೋಗಿಗಳಿಗೆ ತಂತಿ ಅಳವಡಿಸಿದರು. ಸದ್ದು ಕೇಳಿಸಿತು, ಆದರೆ ದೇಹ ಆ ವಸ್ತುವನ್ನು ಒಪ್ಪಲಿಲ್ಲ. ಸೋಂಕಿನ ಭಯದಿಂದ ಕೆಲವೇ ವಾರಗಳಲ್ಲಿ ತೆಗೆಯಬೇಕಾಯಿತು. ಮತ್ತೆ ಕೈಹಾಕುವ ಮುನ್ನ ಹೌಸ್ ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ ಹೃದಯದ ಪೇಸ್‌ಮೇಕರ್‌ಗಳಿಂದಾಗಿ, ದೇಹ ಸಹಿಸಿಕೊಳ್ಳುವ ವಸ್ತುಗಳು ಯಾವುವೆಂಬ ತಿಳಿವಳಿಕೆ ಬೆಳೆದಿತ್ತು. ಎಂಜಿನಿಯರ್ ಜ್ಯಾಕ್ ಅರ್ಬನ್ ಜೊತೆಗೂಡಿ ಅವರು ಪುನಃ ಶುರುಮಾಡಿದ್ದು ಅರವತ್ತರ ದಶಕದ ಕೊನೆಯಲ್ಲಿ.

ವಿರೋಧ ಸಣ್ಣದಿರಲಿಲ್ಲ. ಕಾಕ್ಲಿಯಾ ಎಂದರೆ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ನಾಳ. ಅದರೊಳಗೆ ಸದ್ದನ್ನು ಹಿಡಿಯುವ ರೋಮಕೋಶಗಳು ಸುಮಾರು 15,000. ಅಷ್ಟರ ಕೆಲಸವನ್ನು ಒಂದು ತಂತಿ ಮಾಡುತ್ತದೆಯೇ, ಉಳಿದ ನರತಂತುಗಳನ್ನೂ ಅದು ಸುಟ್ಟರೆ ಗತಿಯೇನು ಎಂದು ವಿಜ್ಞಾನಿಗಳು ಕೇಳಿದರು. ಅವರು ಹಗೆಯಿಂದ ಕೇಳಿದ್ದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ಜಗಳವನ್ನು ಬಾಯಿಮಾತಿಗೆ ಬಿಡದೆ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಾಬರ್ಟ್ ಬಿಲ್ಗರ್ ಅವರಿಗೆ ಪರೀಕ್ಷೆಯ ಹೊಣೆ ವಹಿಸಿತು. 13 ರೋಗಿಗಳನ್ನು ಪರೀಕ್ಷಿಸಿದ ಆ ವರದಿ 1977ರಲ್ಲಿ ಬಂತು. ಒಂದೇ ತಂತಿಯ ಸಾಧನದಿಂದ ಕಿವಿಯೊಂದರಿಂದಲೇ ಮಾತು ಅರ್ಥವಾಗುವುದಿಲ್ಲ, ಆದರೆ ತುಟಿಚಲನೆ ಓದಲು, ತಮ್ಮ ದನಿಯನ್ನು ಹಿಡಿತದಲ್ಲಿಟ್ಟುಕೊಳ್ಳಲು ಅದು ನೆರವಾಗುತ್ತದೆ ಎಂದು ಹೇಳಿತು. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಇಂಥ ವರದಿ ಓದಿದಾಗ ಮನಸ್ಸಿಗೆ ಒಂದು ಬಗೆಯ ನೆಮ್ಮದಿ ಸಿಗುತ್ತದೆ.

ಹಲವು ತಂತಿಗಳ ದಾರಿ ಹಿಡಿದವರಲ್ಲಿ ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಒಬ್ಬರು. ಔಷಧಿ ಅಂಗಡಿ ನಡೆಸುತ್ತಿದ್ದ ಅವರ ತಂದೆಗೆ ಕಿವಿ ಮಂದವಾಗಿತ್ತು. ಸುರುಳಿ ನಾಳದೊಳಗೆ ತಂತಿಯನ್ನು ಗಾಯವಾಗದಂತೆ ತೂರಿಸುವುದು ಹೇಗೆಂಬುದು ಕ್ಲಾರ್ಕ್ ಅವರ ದೊಡ್ಡ ಚಿಂತೆ. 1977ರಲ್ಲಿ ಮಿನ್ನಮುರ್ರಾ ಎಂಬ ಕಡಲ ತೀರದಲ್ಲಿ ಅವರು ಶಂಖದ ಚಿಪ್ಪೊಳಗೆ ಹುಲ್ಲಿನ ಗರಿ ತೂರಿಸಿ ನೋಡಿದರು. ತುದಿಯಲ್ಲಿ ಮೆತ್ತಗೆ, ಬುಡದ ಕಡೆ ಗಟ್ಟಿಯಾಗಿದ್ದ ಗರಿ ಸಲೀಸಾಗಿ ಸುತ್ತಿಕೊಂಡು ಒಳಗೆ ಹೋಯಿತು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ, ಅಪಘಾತವೊಂದರಲ್ಲಿ ಕಿವಿ ಕಳೆದುಕೊಂಡಿದ್ದ ರಾಡ್ ಸಾಂಡರ್ಸ್ ಅವರಿಗೆ ಸಾಧನ ಅಳವಡಿಸಿದರು. ಪರೀಕ್ಷೆಯ ನಡುವೆ ರಾಷ್ಟ್ರಗೀತೆ ನುಡಿಸಿದಾಗ ಸಾಂಡರ್ಸ್ ತಟ್ಟನೆ ಎದ್ದು ನೆಟ್ಟಗೆ ನಿಂತರಂತೆ.

"ಇಷ್ಟು ಎಳೆ ಕೂಸಿನ ತಲೆ ಕೊಯ್ಯಿಸ್ತೀರಾ?" ಎಂದು ನಮ್ಮ ಅಮ್ಮ ಕೇಳಿದ್ದರು. ಅಮ್ಮನ ಪ್ರಶ್ನೆಯನ್ನು ವೈದ್ಯರೂ ಮೊದಲೇ ಕೇಳಿಕೊಂಡಿದ್ದರು. ಶಸ್ತ್ರಚಿಕಿತ್ಸೆ ಮಿದುಳನ್ನು ತೆರೆಯುವುದಿಲ್ಲ. ಕಿವಿಯ ಹಿಂದಿನ ಮೂಳೆಯನ್ನು ಕೊರೆದು, ಮುಖದ ನರ ಮತ್ತು ರುಚಿಯ ನರದ ನಡುವಿನ ಕೆಲವೇ ಮಿಲಿಮೀಟರ್ ಸಂದಿಯಲ್ಲಿ ಹಾದು ಕಾಕ್ಲಿಯಾ ತಲುಪುತ್ತಾರೆ. ಪಟ್ಟಿಯಲ್ಲಿ ಮುಖವೂ ನಾಲಿಗೆಯೂ ಬಂದದ್ದು ಈ ಇಕ್ಕಟ್ಟಿನ ದಾರಿಯಿಂದ. ಅದಕ್ಕೇ ಮುಖದ ನರದ ಮೇಲೆ ಕಣ್ಣಿಡುವ ಉಪಕರಣವನ್ನು ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಜೋಡಿಸಿರುತ್ತಾರೆ. ಕೊರೆಯುವ ಕೈ ಹತ್ತಿರ ಹೋದರೆ ಅದು ಎಚ್ಚರಿಸುತ್ತದೆ. ಇನ್ನು ಮಗುವಿನ ತಲೆ ಬೆಳೆಯುವ ವಿಚಾರ. ಕಾಕ್ಲಿಯಾ ಹುಟ್ಟುವಾಗಲೇ ದೊಡ್ಡವರಷ್ಟು ಗಾತ್ರ ಪಡೆದಿರುತ್ತದೆ, ಸುತ್ತಲಿನ ಬುರುಡೆ ಬೆಳೆಯುತ್ತದೆ. ತಂತಿ ಎಳೆದುಹೋಗದಂತೆ ಹೆಚ್ಚಿನ ಉದ್ದ ಬಿಡಬೇಕೆಂಬುದನ್ನು ಮೊದಲೇ ಅಧ್ಯಯನ ಮಾಡಿ ತಿಳಿದುಕೊಂಡರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ದೊಡ್ಡವರಿಗೆ 1984ರಲ್ಲಿ ಒಪ್ಪಿಗೆ ಕೊಟ್ಟರೂ, ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಕೊಟ್ಟದ್ದು 1990ರಲ್ಲಿ.

ಹಾಗಂತ ಒಪ್ಪಿಗೆ ಸಿಕ್ಕ ಮೇಲೆ ಅಪಾಯ ಮುಗಿಯಲಿಲ್ಲ. 2002ರಲ್ಲಿ, ಇಂಪ್ಲಾಂಟ್ ಆದ ಕೆಲವರಿಗೆ ಮೆನಿಂಜೈಟಿಸ್, ಅಂದರೆ ಮಿದುಳ ಪೊರೆಯ ಸೋಂಕು ಬಂದದ್ದು ಬೆಳಕಿಗೆ ಬಂತು. ತಂತಿಯನ್ನು ನಾಳದ ಒಳಗೋಡೆಗೆ ಒತ್ತಿ ಹಿಡಿಯಲು ಒಂದು ಮಾದರಿಯಲ್ಲಿ ಸಣ್ಣ ಬೆಣೆ ಸೇರಿಸಿದ್ದರು. ಆ ಬೆಣೆಯ ಮೇಲೆ ಅನುಮಾನ ಬಂದು ಅದೇ ವರ್ಷ ಆ ಮಾದರಿಯನ್ನು ಹಿಂದೆಗೆದುಕೊಂಡರು. 1997ರಿಂದ 2002ರವರೆಗೆ ಅಮೆರಿಕದಲ್ಲಿ ಇಂಪ್ಲಾಂಟ್ ಪಡೆದ, ಆರು ವರ್ಷದೊಳಗಿನ 4,264 ಮಕ್ಕಳ ಅಧ್ಯಯನ 2003ರಲ್ಲಿ ಪ್ರಕಟವಾಯಿತು. 26 ಮಕ್ಕಳಿಗೆ ಸೋಂಕು ತಗುಲಿತ್ತು. ಬೆಣೆಯಿದ್ದವರಲ್ಲಿ ಅಪಾಯ ಹಲವು ಪಟ್ಟು ಹೆಚ್ಚಿತ್ತು. ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಸಾಮಾನ್ಯ ಮಕ್ಕಳಿಗಿಂತ 30 ಪಟ್ಟಿಗೂ ಹೆಚ್ಚು ಕಂಡಿತ್ತು.

ಇದನ್ನು ತಂಗಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಳಿದೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಸಾವಿರಕ್ಕೆ ಆರು. ಆ ಆರರಲ್ಲಿ ನಮ್ಮದೊಂದಾದ್ರೆ?" ಎಂದಳು. ಆ ಪ್ರಶ್ನೆಗೆ ಯಾವ ಅಂಕಿಸಂಖ್ಯೆಯಲ್ಲೂ ಉತ್ತರವಿಲ್ಲ. ಆದರೆ ಆ 26 ಮಕ್ಕಳಿಂದ ಲೋಕ ಕಲಿತದ್ದೇನು ಎಂಬುದಕ್ಕೆ ಉತ್ತರವಿದೆ. ಬೆಣೆ ಹೋಯಿತು. ಶಸ್ತ್ರಚಿಕಿತ್ಸೆಗೆ ಮೊದಲೇ ನ್ಯುಮೊಕಾಕಸ್ ಲಸಿಕೆ ಕೊಡುವ ಪದ್ಧತಿ ಬಂತು. ಕಿವಿ ಸೋರಿದರೆ ತಡಮಾಡಬಾರದು, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಕೂಡಲೇ ಆಸ್ಪತ್ರೆಗೆ ಓಡಬೇಕು ಎಂಬ ಎಚ್ಚರ ಅಪ್ಪ ಅಮ್ಮಂದಿರಿಗೆ ಬಂತು. ನನ್ನ ಮಾತು ಮುಗಿದ ಮೇಲೆ ತಂಗಿ ಒಂದು ನೋಟ್‌ಬುಕ್ ತಂದು ಪಟ್ಟಿಯ ಪ್ರತಿ ಸಾಲಿನ ಎದುರು ಒಂದೊಂದು ಪ್ರಶ್ನೆ ಬರೆದಳು. ನೀವು ಇಂಥ ಎಷ್ಟು ಮಕ್ಕಳಿಗೆ ಮಾಡಿದ್ದೀರಿ? ಮುಖದ ನರ ಗಮನಿಸುವ ಯಂತ್ರ ಇದೆಯೇ? ಯಾವ ಲಸಿಕೆ, ಎಷ್ಟು ದಿನ ಮುಂಚೆ? ಸಾಧನ ಕೆಟ್ಟರೆ ಖರ್ಚು ಯಾರದು? ಅಲ್ಲಿಯವರೆಗೆ ರಾತ್ರಿಯೆಲ್ಲ ಕಾಡುತ್ತಿದ್ದ ಭಯಕ್ಕೆ ಹಗಲಿನಲ್ಲಿ ಮಾಡುವ ಕೆಲಸವೊಂದು ಸಿಕ್ಕಂತಾಯಿತು.

ವೈದ್ಯರ ಪಟ್ಟಿಯಲ್ಲಿಲ್ಲದ ಅಪಾಯವೊಂದನ್ನು ಕಿವುಡರೇ ಎತ್ತಿ ತೋರಿಸಿದ್ದಾರೆ. 1991ರಲ್ಲಿ ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ, ಮಕ್ಕಳಿಗೆ ಇಂಪ್ಲಾಂಟ್ ಒಪ್ಪಿದ್ದನ್ನು ಟೀಕಿಸಿತು. ಕಿವುಡು ರೋಗವಲ್ಲ, ನಮಗೆ ಸಂಜ್ಞೆಯ ಭಾಷೆಯಿದೆ, ಬದುಕಿದೆ. ಕೇಳಿಸುವವರು ಕೂತು ನಮ್ಮ ಮಕ್ಕಳ ಪರವಾಗಿ ತೀರ್ಮಾನಿಸುವುದೇ ಎಂಬುದು ಅವರ ವಾದದ ತಿರುಳು. 2000ದಲ್ಲಿ ಅದೇ ಸಂಘ ನಿಲುವನ್ನು ಸಡಿಲಿಸಿ, ಇಂಪ್ಲಾಂಟನ್ನು ಹಲವು ಸಾಧನಗಳಲ್ಲಿ ಒಂದೆಂದು ಒಪ್ಪಿತು. ಆದರೆ ಮೂಲ ಪ್ರಶ್ನೆ ಉಳಿದಿದೆ. ಹೊರಗಿನ ಪ್ರೊಸೆಸರ್ ಕಳಚಿಟ್ಟ ಕೂಡಲೇ ಮಗುವಿಗೆ ಮೌನವೇ. ಸ್ನಾನಕ್ಕೆ ಹೋಗುವಾಗ, ಮಲಗುವಾಗ, ಬ್ಯಾಟರಿ ಮುಗಿದಾಗ ಅವಳೊಡನೆ ಮಾತಾಡುವುದು ಹೇಗೆ? ತಂಗಿ ಮತ್ತು ಭಾವ ಈಗ ಸಂಜ್ಞೆಗಳನ್ನೂ ಕಲಿಯುತ್ತಿದ್ದಾರೆ. ಎರಡೂ ಬೇಡವೆನ್ನುವವರು ಇದ್ದಾರೆ, ಎರಡೂ ಇರಲಿ ಎನ್ನುವವರೂ ಇದ್ದಾರೆ. ಇವರು ಎರಡನೆಯ ಗುಂಪಿಗೆ ಸೇರಿದರು.

ಆಮೇಲಿನ ದುಡಿಮೆಯ ವಿಷಯದಲ್ಲಿ ಕನ್ನಡನಾಡಿಗೆ ತನ್ನದೇ ಚರಿತ್ರೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ, ಮೆಲ್ಬರ್ನ್‌ನ ಶಸ್ತ್ರಚಿಕಿತ್ಸೆಗೂ 13 ವರ್ಷ ಮುಂಚೆ. ಮಾನಸಗಂಗೋತ್ರಿಯಲ್ಲಿ ತಯಾರಾದ ಶ್ರವಣ ತಜ್ಞರು, ವಾಕ್ ತಜ್ಞರು ದೇಶದ ಎಷ್ಟೋ ಊರುಗಳಲ್ಲಿದ್ದಾರೆ. ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳ ಮಾತು; ಸದ್ದಿಗೆ ಅರ್ಥ ಕಟ್ಟುವುದು ವರ್ಷಗಳ ಮಾತು. ಪ್ಯಾರಿಸ್ಸಿನ ರೋಗಿಗೆ ಕೇಳಿಸಿದ ಜೀರುಂಡೆಯ ಸದ್ದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ.

ತಂಗಿ ಸಹಿ ಹಾಕಿದ್ದಾಳೆ. ಲಸಿಕೆ ಆಗಿದೆ, ಮುಂದಿನ ತಿಂಗಳಿಗೆ ದಿನ ಗೊತ್ತಾಗಿದೆ. ಭಯ ಹೋಯಿತೇ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ನೋಟ್‌ಬುಕ್ಕಿನ ಪ್ರಶ್ನೆಗಳಿಗೆಲ್ಲ ವೈದ್ಯರು ಉತ್ತರ ಹೇಳಿದ್ದಾರೆ, ಒಂದನ್ನು ಬಿಟ್ಟು. ಕೊನೆಯ ಪುಟದಲ್ಲಿ ಅವಳು ಬರೆದಿರುವುದು, "ದೊಡ್ಡವಳಾದ ಮೇಲೆ ನನ್ನನ್ನು ಕೇಳದೆ ಯಾಕೆ ಮಾಡಿಸಿದಿರಿ ಅಂದರೆ?" ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯರಲ್ಲ. ನೋಟ್‌ಬುಕ್ಕನ್ನು ಎಸೆಯಬೇಡ, ಅವಳಿಗೇ ಓದಲು ಕೊಡು ಎಂದು ನಾನು ಹೇಳಿದ್ದೇನೆ. ನಾವು ಏನನ್ನು ಹೆದರಿದೆವು, ಯಾರನ್ನು ಏನು ಕೇಳಿದೆವು, ಏನು ತಿಳಿದು ಒಪ್ಪಿದೆವು ಎಂಬುದು ಅದರಲ್ಲಿದೆ. ಸರಿಯೋ ತಪ್ಪೋ ಅವಳು ಹೇಳಲಿ.