ಮಲೆನಾಡಿನ ಮಳೆ, ಬಯಲುಸೀಮೆಯ ಹೊಳೆ: ತುಂಗಭದ್ರೆಯ ದಂಡೆಯ ಚರಿತ್ರೆ

ತುಂಗಭದ್ರೆಯ ನೀರು ಅದು ಉಣಿಸುವ ನೆಲದಲ್ಲಿ ಹುಟ್ಟುವುದಿಲ್ಲ. ಈ ನದಿಯ ದಂಡೆಯ ಚರಿತ್ರೆಯಲ್ಲಿ ಬಹುಪಾಲು ಈ ಒಂದು ಸಂಗತಿಯ ಸುತ್ತಲೇ ಬೆಳೆದಿದೆ. ಪಶ್ಚಿಮಘಟ್ಟದ ವರಾಹ ಪರ್ವತಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಬೇರೆಬೇರೆ ದಾರಿ ಹಿಡಿದು ಶಿವಮೊಗ್ಗದ ಸಮೀಪದ ಕೂಡ್ಲಿಯಲ್ಲಿ ಒಂದಾಗಿ, ಅಲ್ಲಿಂದ ಸುಮಾರು 530 ಕಿಲೋಮೀಟರ್ ಹರಿದು ಕೃಷ್ಣೆಯನ್ನು ಸೇರುತ್ತವೆ. ತುಂಗೆಯ ಜಲಾನಯನದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ನದಿಯ ಕೆಳಪಾತ್ರದ ಬಳ್ಳಾರಿಯ ಸುತ್ತಮುತ್ತ ಬೀಳುವುದು ಸುಮಾರು 500 ಮಿಲಿಮೀಟರ್ ಮಾತ್ರ. ಹೀಗಾಗಿ ಮುಂಗಾರು ಕೈಕೊಟ್ಟು ಎರೆಹೊಲಗಳು ಬಿರಿದಿರುವ ವರ್ಷದಲ್ಲಿಯೂ, ತಲೆಯ ಮೇಲೆ ಒಂದು ಹನಿ ಬೀಳದೆ, ಹೊಳೆ ದಡ ತುಂಬಿ ಕೆಂಪಗೆ ಹರಿಯುವುದನ್ನು ಇಲ್ಲಿನವರು ಕಾಣುತ್ತ ಬಂದಿದ್ದಾರೆ. ಆ ಪ್ರವಾಹವಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಮಾತು. ಬೇಸಿಗೆಯ ಹೊತ್ತಿಗೆ ಹರಿವು ಸೊರಗಿ ಬಂಡೆಗಳ ನಡುವಿನ ಮಡುಗಳಲ್ಲಿ ನಿಲ್ಲುತ್ತಿತ್ತು.

ಮಳೆಯಷ್ಟೇ ಇಲ್ಲಿನ ಬದುಕನ್ನು ರೂಪಿಸಿದ ಇನ್ನೊಂದು ಶಕ್ತಿ ಕಲ್ಲು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಶಿಲಾಪಟ್ಟಿಯು ದಕ್ಷಿಣದಿಂದ ಉತ್ತರಕ್ಕೆ ಚಾಚಿಕೊಂಡು ಹೊಸಪೇಟೆ, ಹಂಪಿ, ಆನೆಗೊಂದಿಗಳ ಬಳಿ ನದಿಯನ್ನು ಅಡ್ಡಗಟ್ಟುತ್ತದೆ. ನೆಲದಾಳದಲ್ಲಿ ಗಟ್ಟಿಯಾದ ಈ ಶಿಲೆಯಲ್ಲಿ ಮೂಡಿದ ಸೀಳುಗಳ ಗುಂಟ ನೀರು ಇಳಿದು ಅಂಚುಗಳನ್ನು ಕೊರೆದುದರಿಂದಲೂ, ಮೇಲಿನ ಮಣ್ಣು ಕಾಲಕ್ರಮದಲ್ಲಿ ಕೊಚ್ಚಿಹೋದುದರಿಂದಲೂ, ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಗುಂಡುಬಂಡೆಗಳ ಬೆಟ್ಟಗಳು ಉಳಿದವು. ಇಂಥ ಪಾತ್ರದಲ್ಲಿ ದೊಡ್ಡ ದೋಣಿಗಳ ಸಂಚಾರ ಅಸಾಧ್ಯವಾಗಿದ್ದುದರಿಂದ ಇಲ್ಲಿ ಉಳಿದು ಬಂದ ವಾಹನ ಹರಿಗೋಲು, ಅಂದರೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸಿದ ದುಂಡನೆಯ ತೆಪ್ಪ. ತಳ ಚಪ್ಪಟೆಯಾಗಿರುವುದರಿಂದ ಅದು ಅರೆಮುಳುಗಿದ ಬಂಡೆಗಳ ಮೇಲೆಯೂ ತೇಲಿಹೋಗುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಜನ ಬುಟ್ಟಿಯಂಥ ಈ ತೆಪ್ಪಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಚರ್ಮದ ಬದಲು ಡಾಂಬರು ಬಳಿದ ಹೊದಿಕೆ ಬಂದಿದೆಯೆಂಬುದನ್ನು ಬಿಟ್ಟರೆ ಅದರ ಆಕಾರ ಇಂದಿಗೂ ಅದೇ.

ಈ ಸೀಮೆಯಲ್ಲಿ ಮನುಷ್ಯನ ನೆಲೆ ಬಹಳ ಹಳೆಯದು. ಕುಡತಿನಿ ಮತ್ತು ಸಂಗನಕಲ್ಲಿನ ಬೂದಿದಿಬ್ಬಗಳು, ಅಂದರೆ ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗಳನ್ನು ಮತ್ತೆಮತ್ತೆ ಸುಟ್ಟುದರಿಂದ ಬೆಳೆದ ಗುಡ್ಡೆಗಳು, ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳು, ಕೊಪ್ಪಳ, ನಿಟ್ಟೂರು, ಉದೇಗೊಳಗಳ ಅಶೋಕನ ಶಾಸನಗಳು ಇದಕ್ಕೆ ಸಾಕ್ಷಿ. ಆದರೆ ಈ ಹಳೆಯ ನೆಲೆಗಳಲ್ಲಿ ಅನೇಕವು ಹೊಳೆಯ ದಡಕ್ಕಿಂತ ಬೆಟ್ಟದ ಬುಡವನ್ನೇ ಆರಿಸಿಕೊಂಡಿದ್ದವು. ಕುಡಿಯುವ ನೀರಿಗೆ ದೊಣೆ ಮತ್ತು ಒರತೆಗಳಿದ್ದವು, ದನಗಳಿಗೆ ಹುಲ್ಲಿತ್ತು. ಬಂಡೆಗಳ ನಡುವೆ ತಗ್ಗಿನಲ್ಲಿ ಹರಿಯುವ ಹೊಳೆಯನ್ನು ಹೊಲಕ್ಕೆ ಹತ್ತಿಸುವ ಉಪಾಯ ಅವರ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಆ ಉಪಾಯವು ದೊಡ್ಡ ಪ್ರಮಾಣದಲ್ಲಿ ಸ್ಪಷ್ಟವಾಗಿ ಕಾಣುವುದು ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರ ರಾಜ್ಯ ಇಲ್ಲಿ ನೆಲೆಯೂರಿದ ಮೇಲೆ. ಶತ್ರುವಿಗೆ ತಡೆಯೊಡ್ಡುವ ಬೆಟ್ಟ ಮತ್ತು ಹೊಳೆಗಳನ್ನು ನೋಡಿ ರಾಜಧಾನಿಯ ಸ್ಥಳವನ್ನು ಆರಿಸಲಾಯಿತೆಂಬುದು ಸರಿಯಾದ ಮಾತೇ ಆದರೂ ಅರ್ಧ ಮಾತು. ಲಕ್ಷಾಂತರ ಜನರಿದ್ದ ನಗರಕ್ಕೆ ಒಣನೆಲದಲ್ಲಿ ಅನ್ನ ಒದಗಿಸಿದ್ದು ಕಾಲುವೆಗಳು. ಹೊಳೆಯ ನಡುವೆ ಎದ್ದುನಿಂತ ಬಂಡೆಯಿಂದ ಬಂಡೆಗೆ ದಪ್ಪಕಲ್ಲುಗಳನ್ನು ಒಟ್ಟಿ, ಪ್ರವಾಹಕ್ಕೆ ನೇರವಾಗಿ ಎದೆಯೊಡ್ಡದಂತೆ ಓರೆಯಾಗಿ ಎಳೆದ ತಗ್ಗಾದ ಗೋಡೆಗಳೇ ಆ ಕಾಲದ ಅಣೆಕಟ್ಟುಗಳು. ಇವು ನೀರನ್ನು ಕೂಡಿಡುವುದಿಲ್ಲ. ಹರಿವಿನ ಮಟ್ಟವನ್ನು ಕೆಲವು ಅಡಿ ಏರಿಸಿ, ದಡದಲ್ಲಿ ತೋಡಿದ ಕಾಲುವೆಯ ಬಾಯಿಗೆ ಒಂದು ಪಾಲನ್ನು ತಿರುಗಿಸಿ, ಉಳಿದುದನ್ನು ನೆತ್ತಿಯ ಮೇಲೆ ಹಾಯಲು ಬಿಡುತ್ತವೆ. ಮಹಾಪೂರ ಬಂದಾಗ ಇಡೀ ಕಟ್ಟೆಯೇ ಮುಳುಗಿ, ಇಳಿದ ಮೇಲೆ ಮತ್ತೆ ತೋರುತ್ತದೆ. ಅಲ್ಲಲ್ಲಿ ಕಿತ್ತುಹೋದ ಕಲ್ಲುಗಳನ್ನು ಬೇಸಿಗೆಯಲ್ಲಿ ಮರಳಿ ಜೋಡಿಸಿದರಾಯಿತು. ಬುನಾದಿಯ ಬಹುಪಾಲನ್ನು ಪ್ರಕೃತಿಯೇ ಹಾಕಿಕೊಟ್ಟಿದ್ದುದರಿಂದ, ಸಂಚಾರಕ್ಕೆ ಅಡ್ಡಿಯಾದ ಅದೇ ಗ್ರಾನೈಟ್ ನೀರಾವರಿಗೆ ಆಧಾರವಾಯಿತು.

ವಲ್ಲಭಾಪುರದ ಅಣೆಕಟ್ಟು ಮತ್ತು ಅದರಿಂದ ಹೊರಟ ಬಸವಣ್ಣ ಕಾಲುವೆ ಕೃಷ್ಣದೇವರಾಯನ ಆಳ್ವಿಕೆಯವು; ಅಲ್ಲಿನ ಶಾಸನ 1521ರದು. ರಾಯ ಕಾಲುವೆ ಕಮಲಾಪುರದ ಕೆರೆಗೆ ನೀರು ತರುತ್ತಿತ್ತು, ಆ ಕೆರೆಯಿಂದ ಅರಮನೆಯ ಪ್ರಾಕಾರಕ್ಕೆ ನೀರು ಹೋಗುತ್ತಿತ್ತು. ತುರ್ತಾ ಕಾಲುವೆ ಹಂಪಿಯ ಗುಡಿಗಳಿಗೂ ರಾಜಪ್ರಾಕಾರಕ್ಕೂ ನಡುವಿನ ಕಣಿವೆಯನ್ನು ಗದ್ದೆಬಯಲಾಗಿಸಿದ್ದು, ಪಾಳುಬಿದ್ದ ನಗರದ ಮಧ್ಯೆ ಇಂದು ಪ್ರವಾಸಿಗರಿಗೆ ಬಾಳೆತೋಟಗಳು ಎದುರಾಗುವುದಕ್ಕೆ ಅದೇ ಕಾರಣ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕ್‌ನ ಕಣ್ಣಿಗೆ ಬಿದ್ದ ಸಂಗತಿಗಳಲ್ಲಿ ಅರಮನೆಯ ಬಳಿ ಹರಿಯುತ್ತಿದ್ದ, ನಯಗೊಳಿಸಿದ ಕಲ್ಲಿನ ಕಾಲುವೆಗಳೂ ಸೇರಿವೆ. ಕಾಲುವೆ ಮುಟ್ಟಲಾಗದ ಎತ್ತರದ ನೆಲಕ್ಕೆ ಮಳೆನೀರಿನ ಕೆರೆಗಳಿದ್ದವು. ಅವುಗಳನ್ನು ಕಟ್ಟಿದವರಿಗೆ ಅಥವಾ ದುರಸ್ತಿ ಮಾಡಿಸಿದವರಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಒಂದು ಭಾಗವನ್ನು ತೆರಿಗೆಯ ರಿಯಾಯಿತಿಯೊಂದಿಗೆ ಬಿಟ್ಟುಕೊಡುವ ದಶವಂದವೆಂಬ ಪದ್ಧತಿ ಶಾಸನಗಳಲ್ಲಿ ಮತ್ತೆಮತ್ತೆ ಬರುತ್ತದೆ. ಹೂಳೆತ್ತುವ ಕೆಲಸವನ್ನು ದಾನಿಯ ಪುಣ್ಯಬುದ್ಧಿಗಷ್ಟೇ ಬಿಡದೆ ಅವನ ಆದಾಯಕ್ಕೂ ಗಂಟುಹಾಕಿದ ಈ ಜಾಣತನವನ್ನು ಮೆಚ್ಚಲೇಬೇಕು.

ಹೀಗೆಂದು ಆ ಕಾಲವನ್ನು ಹೊನ್ನಿನ ಯುಗವೆಂದು ಬಣ್ಣಿಸುವುದು ತಪ್ಪಾದೀತು. ಕೃಷ್ಣದೇವರಾಯ ಹೊಸಪೇಟೆಯ ಸಮೀಪ ಎರಡು ಗುಡ್ಡಗಳ ನಡುವೆ ಕಟ್ಟಿಸಿದ ದೊಡ್ಡ ಕೆರೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ತೊಡಗಿದ್ದರೆಂದು ಪಾಯೆಸ್ ಬರೆದಿದ್ದಾನೆ. ಏರಿ ಪದೇಪದೇ ಒಡೆದಾಗ ಬ್ರಾಹ್ಮಣರ ಸಲಹೆಯಂತೆ ಮನುಷ್ಯರನ್ನು, ಕುದುರೆಗಳನ್ನು, ಕೋಣಗಳನ್ನು ಬಲಿಕೊಡಲಾಯಿತೆಂದೂ ಹೇಳಿದ್ದಾನೆ. ಸುಮಾರು 1535ರಲ್ಲಿ ಬರೆದ ಫೆರ್ನಾವೊ ನೂನಿಜ್ ಕೂಡ ಸೆರೆಯಾಳುಗಳ ಬಲಿಯನ್ನು ಉಲ್ಲೇಖಿಸುತ್ತಾನೆ. ಕೆರೆಗೆ ಹಾರವಾಗುವ ಹೆಣ್ಣಿನ ಕಥೆಗಳು ಕನ್ನಡ ಜನಪದದಲ್ಲಿ ಯಾವ ಭಯದಿಂದ ಹುಟ್ಟಿದವೋ ಆ ಭಯ ಈ ಪರದೇಶಿಗಳ ವರದಿಯಲ್ಲಿಯೂ ಇಣುಕುತ್ತದೆ. ತೂಬು ಮತ್ತು ಕೋಡಿಯ ಲೆಕ್ಕ ಬಲ್ಲವರಿಗೂ ಮಣ್ಣಿನ ಏರಿಯ ಮೇಲೆ ಪೂರ್ಣ ವಿಶ್ವಾಸವಿರಲಿಲ್ಲ.

1565ರ ರಕ್ಕಸತಂಗಡಿ ಯುದ್ಧದ ನಂತರ ರಾಜಧಾನಿ ಹಾಳಾಯಿತು, ಕಾಲುವೆಗಳು ಹಾಳಾಗಲಿಲ್ಲ. ಅರಸರು ಬದಲಾದರೂ ನೀರಿನ ಗೇಣಿ ಎಲ್ಲರಿಗೂ ಬೇಕಾಗಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟಾಗ ಹೊಳೆಯ ಬಲದಂಡೆ ಮದರಾಸಿಗೆ, ಎಡದಂಡೆ ನಿಜಾಮನಿಗೆ ಸೇರಿ, ನದಿಯೇ ಗಡಿಯಾಯಿತು. ಸರ್ ಆರ್ಥರ್ ಕಾಟನ್ 1860ರ ಸುಮಾರಿಗೆ ತುಂಗಭದ್ರೆಗೆ ದೊಡ್ಡ ಜಲಾಶಯದ ಯೋಚನೆಯನ್ನು ಮುಂದಿಟ್ಟರೂ ಕೈಗೂಡಿದ್ದು ಕೆಳಪಾತ್ರದ ಸುಂಕೇಸುಲ ಅಣೆಕಟ್ಟಿನಿಂದ ಹೊರಟ ಕರ್ನೂಲು-ಕಡಪ ಕಾಲುವೆ ಮಾತ್ರ. ಅದನ್ನು ತೋಡಿದ ಖಾಸಗಿ ಕಂಪನಿ ನಷ್ಟದಲ್ಲಿ ಮುಳುಗಿ, ಸರ್ಕಾರವೇ ಅದನ್ನು 1882ರಲ್ಲಿ ಕೊಂಡುಕೊಳ್ಳಬೇಕಾಯಿತು. ಈ ನಡುವೆ 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವು ಬಳ್ಳಾರಿ ಮತ್ತು ರಾಯಚೂರು ಸೀಮೆಗಳ ಊರೂರನ್ನೇ ಬರಿದುಮಾಡಿತು. ಬರದ ನೆನಪು ಜಲಾಶಯದ ಬೇಡಿಕೆಯನ್ನು ಜೀವಂತವಾಗಿಟ್ಟಿತಾದರೂ, ಎರಡು ಸರ್ಕಾರಗಳ ನಡುವೆ ನೀರಿನ ಪಾಲು ಇತ್ಯರ್ಥವಾಗಲು ದಶಕಗಳೇ ಹಿಡಿದವು.

ಕಡೆಗೆ 1944ರಲ್ಲಿ ಒಪ್ಪಂದವಾಗಿ, 1945ರ ಫೆಬ್ರವರಿಯಲ್ಲಿ ಎಡಬದಿಗೆ ನಿಜಾಮನ ಮಗನೂ ಬಲಬದಿಗೆ ಮದರಾಸಿನ ಗವರ್ನರನೂ ಅಡಿಗಲ್ಲು ಹಾಕಿದರು. ಮದರಾಸಿನ ಪರವಾಗಿ ಕೆಲಸದ ಹೊಣೆ ಹೊತ್ತ ತಿರುಮಲೆ ಅಯ್ಯಂಗಾರ್ ಮುಂತಾದ ಎಂಜಿನಿಯರರು, ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸೇರಿಸಿದ ಗಾರೆಯಿಂದ ಕಲ್ಲಿನ ಗೋಡೆಯನ್ನು ಎಬ್ಬಿಸಿ 1953ರ ಹೊತ್ತಿಗೆ 33 ಕ್ರಸ್ಟ್‌ಗೇಟುಗಳ ಅಣೆಕಟ್ಟೆಯನ್ನು ಮುಗಿಸಿದರು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿ, ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿ, ತಮ್ಮ ದೇವರುಗಳಿಗೂ ಅಲ್ಲಿಯೇ ಗುಡಿ ಕಟ್ಟಿಕೊಂಡರು. ವಲ್ಲಭಾಪುರದ ಅಣೆಕಟ್ಟು ಕೂಡ ಇದೇ ನೀರಿನ ಕೆಳಗಿದೆ. ಅದರ ಬಸವಣ್ಣ ಕಾಲುವೆಗೆ ಈಗ ನೇರವಾಗಿ ಜಲಾಶಯದಿಂದಲೇ ನೀರು ಬಿಡಲಾಗುತ್ತದೆ.

ಎಡದಂಡೆ ಕಾಲುವೆಯನ್ನು ಯೋಜಿಸಿದವರ ಉದ್ದೇಶ ಬರದಿಂದ ರಕ್ಷಣೆಯಾಗಿತ್ತು: ಇರುವ ನೀರನ್ನು ತೆಳ್ಳಗೆ ಹರಡಿ, ಜೋಳ ಹತ್ತಿಗಳಂಥ ಅರೆನೀರಾವರಿ ಬೆಳೆಗಳನ್ನು ಆದಷ್ಟು ಹೆಚ್ಚು ಹಳ್ಳಿಗಳಲ್ಲಿ ಉಳಿಸಿಕೊಳ್ಳುವುದು. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದ, ಕಾಲುವೆ ಬೇಸಾಯದಲ್ಲಿ ನುರಿತ ರೈತರು ಅಗ್ಗದ ದರಕ್ಕೆ ಭೂಮಿ ಕೊಂಡು, ಇಂದಿಗೂ ಕ್ಯಾಂಪ್ ಎಂದು ಕರೆಯಲಾಗುವ ಊರುಗಳನ್ನು ಗಂಗಾವತಿ, ಸಿಂಧನೂರುಗಳ ಸುತ್ತ ಕಟ್ಟಿ, ಭತ್ತ ಬೆಳೆಯತೊಡಗಿದರು. ಸ್ಥಳೀಯರೂ ಅದೇ ಹಾದಿ ಹಿಡಿದರು. ಕಾಲುವೆಯ ಮೇಲ್ಭಾಗ ಅಕ್ಕಿಗಿರಣಿಗಳ ಸೀಮೆಯಾಯಿತು, ಮಾನ್ವಿ ಮತ್ತು ರಾಯಚೂರಿನ ಕಡೆಯ ಕೊನೆಭಾಗದ ರೈತರಿಗೆ ನೀರಿಗಾಗಿ ವರ್ಷವರ್ಷವೂ ಹೋರಾಡುವುದು ಪಾಡಾಯಿತು. ನೀರು ಬಸಿಯದ ಎರೆಮಣ್ಣಿನಲ್ಲಿ ಗದ್ದೆ ಮಾಡಿದ್ದರಿಂದ ಎಷ್ಟೋ ಹೊಲಗಳಲ್ಲಿ ಅಂತರ್ಜಲ ಮೇಲೇರಿ ಜವಳು ಹಿಡಿಯಿತು, ಆರಿದ ಮೇಲೆ ಉಪ್ಪು ಬಿಳಿಪೊರೆಯಾಗಿ ಕೂತು ಸವಳಾಯಿತು. ಮಸಾರಿ ನೆಲ, ಅಂದರೆ ನೀರು ಬಸಿಯುವ ಕೆಂಪು ಮಣ್ಣು, ಇದ್ದ ಕಡೆ ಈ ಹಾನಿ ಅಷ್ಟು ತಟ್ಟಲಿಲ್ಲ.

ಹರಿವನ್ನು ತಡೆದು ನಿಲ್ಲಿಸಿದಾಗ ಅದು ಹೊತ್ತು ತಂದ ಮಣ್ಣೂ ನಿಲ್ಲುತ್ತದೆ. ನೆತ್ತಿಯ ಮೇಲೆ ಪ್ರವಾಹವನ್ನು ಹಾಯಗೊಡುತ್ತಿದ್ದ ಹಳೆಯ ಕಟ್ಟೆಗಳನ್ನು ಅಷ್ಟಾಗಿ ಕಾಡದಿದ್ದ ಹೂಳು ಹೊಸ ಜಲಾಶಯದ ಮೊದಲ ಶತ್ರುವಾಯಿತು: 1953ರಲ್ಲಿ 133 ಟಿಎಂಸಿ, ಅಂದರೆ 133 ಶತಕೋಟಿ ಘನ ಅಡಿ, ಇದ್ದ ಸಂಗ್ರಹ ಸಾಮರ್ಥ್ಯ 2016ರ ಸಮೀಕ್ಷೆಯ ಹೊತ್ತಿಗೆ ಸುಮಾರು 105 ಟಿಎಂಸಿಗೆ ಇಳಿದಿತ್ತು. 2009ರ ಅಕ್ಟೋಬರಿನ ಮಹಾಪೂರದಲ್ಲಿ ಮಂತ್ರಾಲಯ ಮತ್ತು ಕರ್ನೂಲು ಮುಳುಗಿದಾಗ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ಬಿದ್ದದ್ದು ಘಟ್ಟದಲ್ಲಲ್ಲ, ಒಣನಾಡೆನಿಸಿದ ಬಯಲಿನಲ್ಲಿಯೇ. ಅಣೆಕಟ್ಟೆಯ ಕೆಳಗೆ ಸುರಿದ ಆ ಮಳೆಯನ್ನು ತಡೆಯುವ ಶಕ್ತಿ ಅಣೆಕಟ್ಟೆಗೆ ಇರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿನಿಂತ ಜಲಾಶಯದ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿಗೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಲಾಯಿತು. ಹೂಳಿಗೆ ಸೋತ ನೀರನ್ನು ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂದು ಕರ್ನಾಟಕ ಸೂಚಿಸಿದೆ. ಅದಕ್ಕೆ ನೀರಿನ ಪಾಲುದಾರರಾದ ಆಂಧ್ರಪ್ರದೇಶ ಮತ್ತು ತೆಲಂಗಾಣಗಳೂ ಒಪ್ಪಬೇಕು. ಅದು ಕಟ್ಟಲ್ಪಟ್ಟರೆ ಮುಳುಗುವ ಹೊಲಗಳಲ್ಲಿ, ಎಡದಂಡೆ ಕಾಲುವೆಯ ನೀರಿನಿಂದಲೇ ಎಪ್ಪತ್ತು ವರ್ಷಗಳಲ್ಲಿ ಗದ್ದೆಯಾದವೂ ಇರುತ್ತವೆ.